ಛತ್ರಿ ಹಿಡಿದವರ ಪಕ್ಕದ ಜಾಗ

ಜೆಕ್ ದೇಶದ ರಾಜಧಾನಿ ಪ್ರಾಗ್‌ನ ಓಲ್ಡ್ ಟೌನ್ ಸ್ಕ್ವೇರ್‌ನಲ್ಲಿ ಬೆಳಗಿನ ಹೊತ್ತು ಬಣ್ಣಬಣ್ಣದ ಛತ್ರಿಗಳು ಏಳುತ್ತವೆ. ಮಳೆಗಲ್ಲ. ಒಂದೊಂದು ಛತ್ರಿಯ ಕೆಳಗೆ ಒಬ್ಬೊಬ್ಬ ಗೈಡ್, ಅವರ ಸುತ್ತ ಹತ್ತಿಪ್ಪತ್ತು ಜನ. ಹೊಸದಾಗಿ ಮದುವೆಯಾದ ಜೋಡಿ, ಗೆಳತಿಯರ ತಂಡ, ನಿದ್ದೆಗಣ್ಣಿನ ಮಕ್ಕಳನ್ನು ಎಳೆದುಕೊಂಡು ಬಂದ ಅಪ್ಪ. ಇವರ ನಡುವೆ ಯಾರ ಜೊತೆಗೂ ಬಾರದ ಒಬ್ಬರೋ ಇಬ್ಬರೋ ಇದ್ದೇ ಇರುತ್ತಾರೆ. ನಾಲ್ಕು ಹೆಜ್ಜೆ ದೂರ ನಿಂತು, ಇಲ್ಲದ ಮೆಸೇಜನ್ನು ಫೋನಿನಲ್ಲಿ ಹುಡುಕುತ್ತಿರುತ್ತಾರೆ. ಪಾಪ, ಒಬ್ಬರೇ ಬಂದಿದ್ದಾರೆ ಎಂದು ಉಳಿದವರು ಮರುಗುವುದೂ ಉಂಟು. ಮರುಗಬೇಕಾದ್ದಿಲ್ಲ. ಮುಂದಿನ ಮೂರು ಗಂಟೆಯಲ್ಲಿ ಆ ಗುಂಪಿನ ಎಲ್ಲರಿಗಿಂತ ಹೆಚ್ಚು ಊರು ದಕ್ಕುವುದು ಅವರಿಗೇ. ತಮ್ಮ ಜಾಗ ಯಾವುದೆಂದು ಗೊತ್ತಿದ್ದರೆ ಸಾಕು.

ವಾಕಿಂಗ್ ಟೂರ್ ಎಂದರೆ ಎಂಟೋ ಹತ್ತೋ ಕಡೆ ನಿಲ್ಲುವುದು. ನಿಂತಲ್ಲಿ ಗೈಡ್ ಹೇಳುವುದು ನಿನ್ನೆಯೂ ಹೇಳಿದ್ದು, ನಾಳೆಯೂ ಹೇಳುವಂಥದ್ದು. ಎಲ್ಲಿ ಜನ ನಗುತ್ತಾರೆ ಎಂಬುದೂ ಅವರಿಗೆ ಬಾಯಿಪಾಠ. ಒಂದು ಜಾಗದಿಂದ ಇನ್ನೊಂದಕ್ಕೆ ನಡೆಯುವ ನಾಲ್ಕೈದು ನಿಮಿಷ ಮಾತ್ರ ಆ ಪಾಠಕ್ಕೆ ಬಿಡುವು. ಆಗ ಗಂಡ ಹೆಂಡತಿ ಮಧ್ಯಾಹ್ನ ಎಲ್ಲಿ ಉಣ್ಣುವುದೆಂದು ಚರ್ಚಿಸುತ್ತಿರುತ್ತಾರೆ, ಗೆಳತಿಯರು ತೆಗೆದ ಫೋಟೊ ನೋಡಿಕೊಳ್ಳುತ್ತಾರೆ, ಅಪ್ಪ ಮಗುವಿಗೆ ನೀರು ಕುಡಿಸುತ್ತಾನೆ. ಛತ್ರಿ ಹಿಡಿದವರ ಪಕ್ಕ ಖಾಲಿ ಇರುತ್ತದೆ. ಒಬ್ಬರೇ ಬಂದವರು ನಡೆಯಬೇಕಾದ್ದು ಅಲ್ಲಿ.

ಅಲ್ಲಿ ನಡೆದರೆ ಏನು ಸಿಗುತ್ತದೆ? ಪ್ರಾಗ್‌ನ ವೆನ್ಸೆಸ್ಲಾಸ್ ಚೌಕವನ್ನೇ ತೆಗೆದುಕೊಳ್ಳಿ. ಗೈಡ್‌ಗಳು ಅಲ್ಲಿ ಹೇಳುವುದು ಕಮ್ಯುನಿಸ್ಟ್ ಆಡಳಿತವನ್ನು ಇಳಿಸಿದ, 1989ರ ನವೆಂಬರ್‌ನ ವೆಲ್ವೆಟ್ ಕ್ರಾಂತಿಯ ಕಥೆ. ಹೇಳಲೇಬೇಕಾದ ಕಥೆಯೂ ಹೌದು. ಆದರೆ ಅದೇ ಚೌಕದ ಅಂಚಿನಲ್ಲಿ, 1920ರ ದಶಕದ ಕೊನೆಯಲ್ಲಿ ಎದ್ದ, ಮುಂಭಾಗವೆಲ್ಲ ಗಾಜೇ ಆಗಿರುವ ಒಂದು ಕಟ್ಟಡವಿದೆ. ಅದರ ಮೇಲಿನ ಹೆಸರು ಬಾಟಾ. ಶಾಲೆಗೆ ಬಾಟಾ ಶೂ ಹಾಕಿ ಹೋದ ಕನ್ನಡಿಗರಲ್ಲಿ ಹಲವರು ಅದನ್ನು ಭಾರತದ್ದೇ ಕಂಪನಿ ಎಂದು ನಂಬಿ ಬೆಳೆದವರು. ತೊಮಾಸ್ ಬಾಟಾ ಅದನ್ನು ಶುರುಮಾಡಿದ್ದು 1894ರಲ್ಲಿ, ಈಗಿನ ಜೆಕ್ ದೇಶದ ಜ್ಲೀನ್ ಎಂಬ ಊರಿನಲ್ಲಿ. ಕೋಲ್ಕತ್ತದ ಹತ್ತಿರ ಬಾಟಾನಗರ ಎದ್ದದ್ದು 1930ರ ದಶಕದಲ್ಲಿ. ‘ನಮ್ಮೂರಲ್ಲೂ ಬಾಟಾ ಅಂಗಡಿ ಇದೆ’ ಎಂದು ಪಕ್ಕದಲ್ಲಿ ನಡೆಯುವವರು ಒಂದು ಮಾತು ಹಾಕಿದರೆ ಸಾಕು. 9ರಲ್ಲಿ ಮುಗಿಯುವ ಬೆಲೆ ಇಡುವ ಉಪಾಯವನ್ನು ಜೆಕ್ ಜನ ಇವತ್ತಿಗೂ ಬಾಟಾನ ಹೆಸರಿನಲ್ಲೇ ಕರೆಯುವುದು, ಎರಡನೇ ಮಹಾಯುದ್ಧದ ಬಳಿಕ ಸರ್ಕಾರ ಕಾರ್ಖಾನೆಗಳನ್ನು ವಶಪಡಿಸಿಕೊಂಡದ್ದು, ಮನೆತನ ಕೆನಡಾದಲ್ಲಿ ಬೇರೂರಿದ್ದು, ಎಲ್ಲ ಹೊರಬರಬಹುದು. ಇದು ದಿನದ ಪಾಠದಲ್ಲಿಲ್ಲದ ಮಾತು. ಹಿಂದೆ ಬರುವ ಹದಿನೈದು ಜನರಿಗೆ ಕೇಳಿಸುವುದೂ ಇಲ್ಲ.

ಗುಂಪಿನಲ್ಲಿ ಸೇರಿ ಒಂಟಿಯಾಗಿ ತಿರುಗುವುದು ಹೊಸ ಚಾಳಿಯೇನಲ್ಲ. 1841ರ ಜುಲೈ 5ರಂದು ಥಾಮಸ್ ಕುಕ್ ಇಂಗ್ಲೆಂಡಿನ ಲೆಸ್ಟರ್‌ನಿಂದ ಲಫ್‌ಬರೋಗೆ ಸುಮಾರು ಐನೂರು ಜನರನ್ನು ತಲೆಗೊಂದು ಶಿಲಿಂಗ್‌ನಂತೆ ರೈಲಿನಲ್ಲಿ ಕರೆದೊಯ್ದ. ಹೊರಟವರು ಕುಡಿತ ಬಿಡಿಸುವ ಚಳವಳಿಯ ಸಭೆಗೆ. ಇಪ್ಪತ್ತೆರಡು ವರ್ಷದ ನಂತರ, 1863ರಲ್ಲಿ, ಅವನ ಮೊದಲ ಸ್ವಿಟ್ಜರ್ಲೆಂಡ್ ಟೂರ್‌ನಲ್ಲಿ ಯಾರ್ಕ್‌ಷೈರ್‌ನ ಜೆಮೀಮಾ ಮೊರೆಲ್ ಎಂಬ ಹೆಣ್ಣುಮಗಳಿದ್ದಳು. ಆಕೆ ಬರೆದಿಟ್ಟ ದಿನಚರಿ ನೂರು ವರ್ಷದ ಬಳಿಕ ಪುಸ್ತಕವಾಯಿತು. ಗಂಡನಿಲ್ಲದೆ ಹೆಂಗಸರು ಪರದೇಶ ಸುತ್ತಿದರೆ ಊರು ಆಡಿಕೊಳ್ಳುತ್ತಿದ್ದ ಕಾಲದಲ್ಲಿ ಕುಕ್‌ನ ಗುಂಪು ಅವರಿಗೆ ಒಂದು ಮರೆಯಾಗಿತ್ತು. ಗುಂಪಿದ್ದುದರಿಂದಲೇ ಒಂಟಿಯಾಗಿ ಹೊರಡಲು ಸಾಧ್ಯವಾಯಿತು.

ಬೆಂಗಳೂರಿನಿಂದ ಹೊರಡುವ ಯುರೋಪ್ ಪ್ಯಾಕೇಜ್‌ಗಳಿಗೂ ಆ ಗುಣ ಸ್ವಲ್ಪ ಉಳಿದಿದೆ. ವೀಸಾ, ಬಸ್ಸು, ಅನ್ನ ಸಾರು, ಟೂರ್ ಮ್ಯಾನೇಜರ್, ಎಲ್ಲವೂ ಒಂದೇ ದುಡ್ಡಿನಲ್ಲಿ. ಆದರೆ ದರಪಟ್ಟಿ ಟ್ವಿನ್ ಶೇರಿಂಗ್ ಲೆಕ್ಕದ್ದು. ಒಬ್ಬರಿಗೇ ಕೋಣೆ ಬೇಕೆಂದರೆ ಸಿಂಗಲ್ ಸಪ್ಲಿಮೆಂಟ್ ತೆರಬೇಕು. ಬೇಡವೆಂದರೆ ಗುರುತಿಲ್ಲದವರ ಗೊರಕೆ ಕೇಳಬೇಕು. ಇನ್ನೊಂದು ದಾರಿ, ಊರಿಗೆ ತಾವೇ ಹೋಗಿ, ಗುಂಪನ್ನು ಮೂರು ಗಂಟೆಯ ಮಟ್ಟಿಗೆ ಬಾಡಿಗೆಗೆ ಪಡೆದಂತೆ ಪಡೆಯುವುದು. ರಸಿಕರು ಹಿಡಿಯುವುದು ಈ ದಾರಿ. ಬುಕಿಂಗ್ ಮಾಡುವಾಗ ಒಂದನ್ನು ಗಮನಿಸಬೇಕು: ಕನಿಷ್ಠ ಇಬ್ಬರು ಇರಲೇಬೇಕೆಂಬ ಷರತ್ತು ಕೆಲವು ಟೂರ್‌ಗಳಲ್ಲಿ ಸಣ್ಣಕ್ಷರದಲ್ಲಿ ಅಡಗಿರುತ್ತದೆ.

ಆಮೇಲಿನ ಪ್ರಶ್ನೆ, ಗುಂಪು ಎಷ್ಟು ದೊಡ್ಡದು. ಈ ವಿಷಯದಲ್ಲಿ ಕೆಲವು ನಗರಗಳು ಪ್ರವಾಸಿಗರಿಗಿಂತ ಜಾಣತನ ತೋರಿಸಿವೆ. ಆಮ್‌ಸ್ಟರ್‌ಡ್ಯಾಮ್ 2020ರಿಂದ ತನ್ನ ಹಳೆಯ ಕೇಂದ್ರಭಾಗದಲ್ಲಿ ಗೈಡ್ ಹಿಂದೆ ಹೋಗುವವರಿಗೆ 15 ಜನರ ಮಿತಿ ಹಾಕಿತು. ವೆನಿಸ್ 2024ರಲ್ಲಿ 25ಕ್ಕೆ ನಿಲ್ಲಿಸಿ, ಧ್ವನಿವರ್ಧಕಗಳನ್ನೂ ನಿಷೇಧಿಸಿತು. ಈ ನಿಯಮಗಳು ಬಂದದ್ದು ಸ್ಥಳೀಯರು ಓಡಾಡಲು ಜಾಗ ಉಳಿಯಲಿ ಎಂದು. ಒಂಟಿ ಪ್ರವಾಸಿಗೆ ಅವು ಬೇರೆ ರೀತಿಯಲ್ಲಿ ಒದಗುತ್ತವೆ: ಹದಿನೈದು ಜನರಿದ್ದರೆ ಗೈಡ್‌ಗೆ ಮುಖಗಳು ನೆನಪಿರುತ್ತವೆ, ಮೂವತ್ತಾದರೆ ತಲೆ ಎಣಿಸುವುದೇ ಕೆಲಸವಾಗುತ್ತದೆ.

ಕಿವಿಗೆ ಸಿಕ್ಕಿಸುವ ರೇಡಿಯೊ ಕೊಡುವ ಟೂರ್‌ಗಳನ್ನು ಹಲವರು ಬೈಯುತ್ತಾರೆ. ಗೈಡ್ ಯಂತ್ರದೊಳಗೆ ಸೇರಿಹೋದರು ಎಂಬುದು ದೂರು. ಆದರೆ ಪ್ರಾಗ್ ಕೋಟೆಯ ಸೇಂಟ್ ವೈಟಸ್ ಕೆಥೆಡ್ರಲ್‌ನಂಥ ಕಿಕ್ಕಿರಿದ ಜಾಗದಲ್ಲಿ ಆ ಯಂತ್ರ ಒಂಟಿಗರಿಗೆ ರೆಕ್ಕೆ ಕೊಡುತ್ತದೆ. 1344ರಲ್ಲಿ ಶುರುವಾಗಿ 1929ರಲ್ಲಿ ಮುಗಿದ ಕಟ್ಟಡ ಅದು. ಒಳಗೆ ಎಡಬದಿಯಲ್ಲಿ ಚಿತ್ರಕಲಾವಿದ ಆಲ್ಫೋನ್ಸ್ ಮುಖಾ ರೂಪಿಸಿದ, ಸಂತರ ಚಿತ್ರಗಳಿರುವ 1931ರ ಬಣ್ಣದ ಗಾಜಿನ ಕಿಟಕಿ ಇದೆ. ಗುಂಪೆಲ್ಲ ಅದರ ನಡುಭಾಗದ ಹುಡುಗನ ಕೆಂಪು ಉಡುಪನ್ನು ನೋಡುತ್ತಿರುವಾಗ ಹತ್ತು ಹೆಜ್ಜೆ ಪಕ್ಕಕ್ಕೆ ಸರಿದು ಕಿಟಕಿಯ ಬುಡ ನೋಡಬಹುದು. ಅಲ್ಲಿ ಒಂದು ಬ್ಯಾಂಕಿನ ಹೆಸರಿದೆ. ದುಡ್ಡು ಕೊಟ್ಟವರು ಸ್ಲಾವಿಯಾ ಬ್ಯಾಂಕಿನವರು; ಸಂತರ ಕಾಲಡಿಯಲ್ಲೇ ಜಾಹೀರಾತು ಕೂತಿದೆ. ಜೊತೆಗೆ ಹೆಂಡತಿ ಮಕ್ಕಳಿದ್ದವರು ಹೀಗೆ ಸರಿದರೆ, ಎಲ್ಲಿ ಹೋದಿರಿ ಎಂದು ಹುಡುಕಾಟ ಶುರುವಾಗುತ್ತದೆ.

ಇನ್ನು ಗೈಡ್ ಎಂಥವರೆಂದು ಅಳೆಯಲು ಪ್ರಾಗ್‌ನಷ್ಟು ಅನುಕೂಲದ ಊರು ಅಪರೂಪ. ಇಲ್ಲಿ ಪ್ರತಿ ಕಲ್ಲಿಗೂ ಒಂದು ನಿಜ, ಒಂದು ದಂತಕಥೆ ಇದೆ. ಹಳೆಯ ಪುರಭವನದ ಖಗೋಳ ಗಡಿಯಾರವನ್ನು ಮಾಡಿದ್ದು ಹಾನುಶ್ ಎಂಬ ಕುಶಲಿ, ಅಂಥದ್ದನ್ನು ಇನ್ನೊಂದು ಊರಿಗೆ ಮಾಡಿಕೊಡದಂತೆ ಅವನ ಕಣ್ಣು ಕೀಳಿಸಿದರು ಎಂಬ ಕಥೆಯನ್ನು ಎಲ್ಲ ಛತ್ರಿಗಳ ಕೆಳಗೂ ಕೇಳಬಹುದು. ಗಡಿಯಾರ 1410ರದ್ದು, ಕೆಲಸ ಮಾಡಿದವನು ಕಾದಾನ್ ಊರಿನ ಮಿಕುಲಾಶ್, ಗಣಿತದ ನೆರವು ವಿಶ್ವವಿದ್ಯಾಲಯದ ಯಾನ್ ಶಿಂಡೆಲ್‌ನದು ಎಂದು ಇತಿಹಾಸಕಾರರು ಹೇಳುತ್ತಾರೆ. ಕಥೆ ಹೇಳುವುದು ತಪ್ಪಲ್ಲ. ಹೇಳಿದ ಮೇಲೆ ಮಿಕುಲಾಶನ ಹೆಸರನ್ನೂ ಸೇರಿಸುವವರು ಒಳ್ಳೆಯ ಗೈಡ್. ಗೊಲೆಮ್ ಎಂಬ ಮಣ್ಣಿನ ಮನುಷ್ಯನಿಗೂ ಇದೇ ಪರೀಕ್ಷೆ. ಅವನನ್ನು ಸೃಷ್ಟಿಸಿದನೆನ್ನುವ ಯಹೂದಿ ಧರ್ಮಗುರು ರಬ್ಬಿ ಲೋವ್ ತೀರಿಕೊಂಡದ್ದು 1609ರಲ್ಲಿ, ಕಥೆ ಅವನ ಹೆಸರಿಗೆ ಅಂಟಿದ್ದು 19ನೇ ಶತಮಾನದಲ್ಲಿ. ಬೀದಿಬೀದಿಯಲ್ಲಿ ಪುರಾತನ ತಿಂಡಿಯೆಂದು ಮಾರುವ, ಕೋಲಿಗೆ ಸುತ್ತಿ ಸುಟ್ಟ ಟ್ರಡೆಲ್ನಿಕ್ ಬಗ್ಗೆ ಕೇಳಿದರೆ ನಿಜವಾದ ಪ್ರಾಗ್ ನಿವಾಸಿ ಮುಖ ಸಿಂಡರಿಸುತ್ತಾರೆ. ಇಲ್ಲಿ ಅದು ಹಬ್ಬಿದ್ದು ಪ್ರವಾಸಿಗರ ನೂಕುನುಗ್ಗಲಿನ ಜೊತೆಗೇ.

ಗಡಿಯಾರದ ಮುಂದೆ ಇನ್ನೂ ಸ್ವಲ್ಪ ಹೊತ್ತು ನಿಲ್ಲಬೇಕು. ಗಂಟೆ ಹೊಡೆಯುವಾಗ ಯೇಸುವಿನ ಹನ್ನೆರಡು ಶಿಷ್ಯರ ಬೊಂಬೆಗಳು ಕಿಟಕಿಯಲ್ಲಿ ಹಾದುಹೋಗುತ್ತವೆ; ಅಸ್ಥಿಪಂಜರ ಗಂಟೆ ಬಾರಿಸುತ್ತದೆ, ಕೊನೆಗೆ ಹುಂಜ ಕೂಗುತ್ತದೆ. ಒಂದು ನಿಮಿಷವೂ ಇಲ್ಲ. ಜನ ಫೋನ್ ಇಳಿಸಿ, ಇಷ್ಟೇನಾ ಎನ್ನುತ್ತಾರೆ. ಆ ಬೊಂಬೆಗಳು ಗಡಿಯಾರಕ್ಕಿಂತ ಬಹಳ ಕಿರಿಯವು. ಈಗಿರುವವಂತೂ 1945ರ ಮೇ ತಿಂಗಳ ಬೆಂಕಿಯಲ್ಲಿ ಹಳೆಯವು ಹಾಳಾದ ಮೇಲೆ ಕೆತ್ತಿದವು. ಹಿರಿಮೆ ಇರುವುದು ಕೆಳಗಿನ ಮುಖಫಲಕದಲ್ಲಿ. ಪಂಚಾಂಗ ತಿರುವಿ ಗೊತ್ತಿರುವವರಿಗೆ ಅದನ್ನು ಓದುವುದು ಸುಲಭ. ಹನ್ನೆರಡು ರಾಶಿಗಳ ಚಿಹ್ನೆಯಿರುವ ಉಂಗುರ ತಿರುಗುತ್ತದೆ, ಸೂರ್ಯ ಯಾವ ರಾಶಿಯಲ್ಲಿದ್ದಾನೆಂದು ಮುಳ್ಳು ತೋರಿಸುತ್ತದೆ. ಅರ್ಧ ಕಪ್ಪು, ಅರ್ಧ ಬೆಳ್ಳಿ ಬಣ್ಣದ ಗುಂಡೊಂದು ಹೊರಳುತ್ತ ಚಂದ್ರನ ವೃದ್ಧಿಕ್ಷಯ ಹೇಳುತ್ತದೆ. ಹೊರಂಚಿನ ಕಪ್ಪು ಬಳೆಯ ಮೇಲಿನ ಚಿನ್ನದ ಅಂಕಿಗಳು ಪ್ರಾಗ್ ಇರುವ ಬೊಹೀಮಿಯಾ ಸೀಮೆಯ ಹಳೆಯ ಕಾಲಗಣನೆಯನ್ನು ತೋರಿಸುತ್ತವೆ. ಆ ಲೆಕ್ಕದಲ್ಲಿ ದಿನ ಶುರುವಾಗುವುದು ಸೂರ್ಯಾಸ್ತಕ್ಕೆ. ನಮ್ಮ ಪಂಚಾಂಗದವರಿಗೆ ಸೂರ್ಯೋದಯಕ್ಕೆ. ಇದನ್ನು ಗೈಡ್ ಕಿವಿಗೆ ಹಾಕಿದರೆ ಮಾತು ಎರಡೂ ಕಡೆಯಿಂದ ಹರಿಯುತ್ತದೆ. ದಿನವೂ ತಾವೇ ಹೇಳಿ ಸಾಕಾದವರಿಗೆ ಕೇಳಲು ಏನಾದರೂ ಸಿಕ್ಕರೆ ಸಂತೋಷವೇ. ಎಲ್ಲರೂ ತಲೆಯೆತ್ತಿ ನಿಂತ ಆ ಒಂದು ನಿಮಿಷ ಜೇಬುಗಳ್ಳರ ಪಾಲಿಗೂ ಶುಭ ಮುಹೂರ್ತ. ಚೀಲ ಕಾಯಲು ಜೊತೆಗಾರರಿಲ್ಲದವರು ಅದನ್ನು ಎದೆಯ ಮೇಲೆ ಹಾಕಿಕೊಳ್ಳಬೇಕು.

ಅಲ್ಲಿಂದ ಕೆಲವೇ ಹೆಜ್ಜೆ ದೂರದಲ್ಲಿ ನೆಲಕ್ಕೆ ಹಾಸಿದ ಕಲ್ಲಿನಲ್ಲಿ 27 ಬಿಳಿ ಶಿಲುಬೆಗಳಿವೆ. 1621ರ ಜೂನ್ 21ರಂದು ಹ್ಯಾಬ್ಸ್‌ಬರ್ಗ್ ಅರಸನ ವಿರುದ್ಧ ಎದ್ದ 27 ಮಂದಿಯನ್ನು ಅಲ್ಲಿ ಕೊಲ್ಲಿಸಿದರು. ಅವರಲ್ಲಿ ಹನ್ನೆರಡು ತಲೆಗಳನ್ನು ಚಾರ್ಲ್ಸ್ ಸೇತುವೆಯ ಗೋಪುರಕ್ಕೆ ಹತ್ತು ವರ್ಷ ತೂಗುಹಾಕಿದ್ದರು. ಗಡಿಯಾರ ನೋಡುವ ಭರದಲ್ಲಿ ಗುಂಪುಗಳು ಆ ಶಿಲುಬೆಗಳ ಮೇಲೇ ನಿಂತಿರುತ್ತವೆ.

ಗುಂಪನ್ನು ಬಿಡುವುದೂ ಒಂದು ಕಲೆ. ಯಹೂದಿ ಬಡಾವಣೆಗೆ ಬಂದಾಗ ಹೆಚ್ಚಿನ ವಾಕಿಂಗ್ ಟೂರ್‌ಗಳು ಪಿಂಕಾಸ್ ಸಿನಗಾಗ್‌ನ ಹೊರಗೇ ನಿಂತು ಮುಂದೆ ಸಾಗುತ್ತವೆ. ಒಳಗೆ ಹೋಗಲು ಬೇರೆ ಟಿಕೆಟ್. ಒಳಗಿನ ಗೋಡೆಗಳ ಮೇಲೆ ನಾಜಿಗಳು ಕೊಂದ ಬೊಹೀಮಿಯಾ ಮತ್ತು ಮೊರಾವಿಯಾದ ಸುಮಾರು 78,000 ಯಹೂದಿಗಳ ಹೆಸರನ್ನು ಕೈಯಿಂದ ಬರೆಯಲಾಗಿದೆ. ಕಮ್ಯುನಿಸ್ಟ್ ಆಡಳಿತದಲ್ಲಿ ಅದು ವರ್ಷಗಟ್ಟಲೆ ಮುಚ್ಚಿತ್ತು, ಬರಹ ಅಳಿಸಿಹೋಗಿತ್ತು. 1990ರ ದಶಕದಲ್ಲಿ ಎಲ್ಲ ಹೆಸರುಗಳನ್ನೂ ಮತ್ತೆ ಬರೆದರು. ಅಲ್ಲಿ ವಿವರಣೆ ಬೇಕಿಲ್ಲ, ಪಕ್ಕದವರ ಅಭಿಪ್ರಾಯವೂ ಬೇಕಿಲ್ಲ. ಒಂಟಿಗರು ಗೈಡ್‌ಗೆ ಒಂದು ಮಾತು ಹೇಳಿ ಇಲ್ಲೇ ಉಳಿಯಬಹುದು. ಹೇಳದೆ ಜಾರಿಕೊಂಡರೆ ಮಾತ್ರ ತಲೆ ಎಣಿಸುವ ಬಡಪಾಯಿ ಇಡೀ ಗುಂಪನ್ನು ಬಿಸಿಲಲ್ಲಿ ನಿಲ್ಲಿಸಿ ಕಾಯುತ್ತಾರೆ.

ಗುಂಪಿನಲ್ಲಿ ಇನ್ನೊಬ್ಬ ಒಂಟಿಗರಿರುವುದೂ ಉಂಟು. ಮೊದಲ ಹತ್ತು ನಿಮಿಷದಲ್ಲೇ ಇಬ್ಬರೂ ಜೊತೆಯಾಗಿಬಿಟ್ಟರೆ ಅವರೂ ಒಂದು ಜೋಡಿಯೇ. ಛತ್ರಿಯ ಪಕ್ಕದ ಜಾಗ ಮತ್ತೆ ಖಾಲಿ. ಪರಸ್ಪರ ಫೋಟೊ ತೆಗೆದುಕೊಡುವಷ್ಟು ಸ್ನೇಹ ಸಾಕು, ಉಳಿದದ್ದನ್ನು ಸಂಜೆಗೆ ಇಟ್ಟುಕೊಳ್ಳಬಹುದು. ಗೈಡನ್ನು ಪೂರ್ತಿ ಗುತ್ತಿಗೆ ಹಿಡಿದು ಪ್ರಶ್ನೆಯ ಮೇಲೆ ಪ್ರಶ್ನೆ ಸುರಿಯುವವರೂ ಇದ್ದಾರೆ. ಅವರನ್ನು ಕಂಡರೆ ಛತ್ರಿ ಬೇಗ ಬೇಗ ನಡೆಯುತ್ತದೆ.

ಫ್ರೀ ಟೂರ್‌ಗಳ ಲೆಕ್ಕವೂ ತಿಳಿದಿರಲಿ. 2000ದ ದಶಕದ ಆರಂಭದಲ್ಲಿ ಬರ್ಲಿನ್‌ನಿಂದ ಹಬ್ಬಿದ ಈ ಪದ್ಧತಿಯಲ್ಲಿ ಟಿಕೆಟ್ ಇಲ್ಲ, ಕೊನೆಯಲ್ಲಿ ಟಿಪ್ಸ್. ಹಲವು ಕಂಪನಿಗಳಲ್ಲಿ ಬಂದವರ ತಲೆ ಲೆಕ್ಕದಲ್ಲಿ ಗೈಡ್‌ಗಳೇ ಕಂಪನಿಗೆ ಹಣ ಕಟ್ಟಬೇಕು. ಅಂದರೆ ಏನೂ ಕೊಡದೆ ಹೋದವರಿಂದ ಅವರಿಗೆ ಕೈಯಿಂದ ನಷ್ಟ. ಸಂಸಾರವಂದಿಗರು ಎಲ್ಲರ ಪರವಾಗಿ ಒಂದು ನೋಟು ಕೊಟ್ಟು ಮುಗಿಸುತ್ತಾರೆ. ಒಬ್ಬರೇ ಬಂದು ಪಕ್ಕದಲ್ಲಿ ನಡೆದವರು ಪಡೆದದ್ದು ಹೆಚ್ಚು, ಕೊಡುವುದೂ ಹಾಗೇ ಇರಬೇಕು. ಜೆಕ್ ದೇಶದ ಹಣ ಕೊರುನಾ, ಯೂರೋ ಅಲ್ಲ. ಹಣ ಬದಲಿಸುವ ಅಂಗಡಿಯಲ್ಲಿ ಮೋಸದ ದರ ಸಿಕ್ಕರೆ ಸಾವಿರ ಯೂರೋ ಒಳಗಿನ ವ್ಯವಹಾರವನ್ನು ಮೂರು ಗಂಟೆಯೊಳಗೆ ರದ್ದುಮಾಡಿಸಲು 2019ರ ಕಾನೂನು ಅವಕಾಶ ಕೊಡುತ್ತದೆ. ರಸೀದಿ ಎಸೆಯಬಾರದು.

ಟಿಪ್ಸ್ ಕೊಡುವಾಗ ಕೇಳಬೇಕಾದ ಕೊನೆಯ ಪ್ರಶ್ನೆ, ‘ನೀವು ಊಟ ಎಲ್ಲಿ ಮಾಡುತ್ತೀರಿ?’ ಉತ್ತರ ಎಂದೂ ಓಲ್ಡ್ ಟೌನ್ ಸ್ಕ್ವೇರ್‌ನ ಹೋಟೆಲುಗಳಲ್ಲ. ಎರಡು ಬೀದಿ ಆಚೆಯ, ವಾರದ ದಿನಗಳಲ್ಲಿ ಕಡಿಮೆ ಬೆಲೆಗೆ ಮಧ್ಯಾಹ್ನದ ಊಟ ಬಡಿಸುವ ಯಾವುದೋ ಹೋಟೆಲು. ಸಸ್ಯಾಹಾರಿಗಳಿಗೆ ಅಲ್ಲಿ ಸಿಗುವುದು ಸಾಮಾನ್ಯವಾಗಿ ಕರಿದ ಚೀಸ್ ಮತ್ತು ಆಲೂಗಡ್ಡೆ. ಸೂಪು ಮಾಂಸ ಬೇಯಿಸಿದ ನೀರಿನದೇ ಎಂದು ಮೊದಲು ವಿಚಾರಿಸಬೇಕು. ಜೆಕ್ ಹೋಟೆಲುಗಳಲ್ಲಿ ಅಪರಿಚಿತರ ಟೇಬಲ್‌ನಲ್ಲಿ ಖಾಲಿ ಕುರ್ಚಿ ಕೇಳಿ ಕೂರುವುದು ವಾಡಿಕೆ. ಹಾಗಾಗಿ ಎಂಟು ಜನರ ತಂಡ ಎರಡು ಟೇಬಲ್ ಖಾಲಿಯಾಗಲೆಂದು ಬಾಗಿಲಲ್ಲಿ ಕಾಯುತ್ತಿರುವಾಗ ಒಬ್ಬರೇ ಬಂದವರ ಊಟ ಅರ್ಧ ಮುಗಿದಿರುತ್ತದೆ.