ಜಿಎಚ್3 ಕೋಶಗಳ ಸಾಕ್ಷ್ಯವನ್ನು ಎಷ್ಟು ನಂಬಬಹುದು?

ಹಾರ್ಮೋನುಗಳು ಜೀನ್‌ನ ಕೆಲಸವನ್ನೇ ಏರಿಸಿ ಇಳಿಸುತ್ತವೆ ಎಂಬುದು ಈಗ ಪಠ್ಯಪುಸ್ತಕದ ಮಾತು. ಆ ಮಾತಿಗೆ ಪುರಾವೆ ಒದಗಿಸುವಲ್ಲಿ ಜಿಎಚ್3 ಮತ್ತು ಅದರ ಒಡಹುಟ್ಟಿದ ಕೋಶಸಂತತಿಗಳ ಪಾಲು ದೊಡ್ಡದು. ಆರ್ಮೆನ್ ಟಾಶ್ಜಿಯನ್ ಮತ್ತು ಸಂಗಡಿಗರು ಇಲಿಯ ಪಿಟ್ಯುಟರಿ ಗಡ್ಡೆಯಿಂದ ಬೆಳೆಸಿದ ಈ ಕೋಶಗಳನ್ನು 1968ರಲ್ಲಿ ಪರಿಚಯಿಸಿದರು. ಬೆಳವಣಿಗೆ ಹಾರ್ಮೋನನ್ನೂ ಪ್ರೊಲ್ಯಾಕ್ಟಿನ್ನನ್ನೂ ಜಿಎಚ್3 ಒಟ್ಟಿಗೇ ತಯಾರಿಸುತ್ತದೆ.

ಇವುಗಳಿಂದ ಸಿಕ್ಕ ಫಲ ನಿಜಕ್ಕೂ ಅಮೋಘ. 1970ರ ದಶಕದಲ್ಲಿ ಹರ್ಬರ್ಟ್ ಸ್ಯಾಮುಯೆಲ್ಸ್ ಇದೇ ಬಳಗದ ಜಿಎಚ್1 ಕೋಶಗಳ ಕೇಂದ್ರದೊಳಗೇ ಥೈರಾಯ್ಡ್ ಹಾರ್ಮೋನು ಬಂದು ಕೂರುವ ಗ್ರಾಹಕಗಳನ್ನು ತೋರಿಸಿದರು. ಆದರೂ ಒಂದು ಅನುಮಾನ ಉಳಿದಿತ್ತು. ಹಾರ್ಮೋನು ಕೊಟ್ಟಾಗ ಆರ್‌ಎನ್‌ಎ ಹೆಚ್ಚಾಗಿದೆಯೆಂದ ಮಾತ್ರಕ್ಕೆ ಜೀನ್ ಹೆಚ್ಚು ನಕಲಾಗಿದೆ ಎನ್ನಲಾಗದು. ಆರ್‌ಎನ್‌ಎ ಬೇಗ ಕರಗದೆ ಹೆಚ್ಚು ಹೊತ್ತು ಉಳಿದಿರಲೂಬಹುದು. ಇದನ್ನು ಬಿಡಿಸುವ ವಿಧಾನ ಜಾಣತನದ್ದು. ಕೋಶಕೇಂದ್ರವನ್ನಷ್ಟೇ ಬೇರ್ಪಡಿಸಿ, ವಿಕಿರಣದ ಗುರುತು ಹಚ್ಚಿದ ನ್ಯೂಕ್ಲಿಯೋಟೈಡ್ ಕೊಟ್ಟು, ಅರ್ಧದಲ್ಲಿರುವ ನಕಲುಗಳು ಮುಂದುವರಿದಾಗ ಎಷ್ಟು ಗುರುತು ಸೇರಿತೆಂದು ಅಳೆಯುವುದು. 1982ರಲ್ಲಿ ರೊನಾಲ್ಡ್ ಇವಾನ್ಸ್, ಜೆಫ್ರಿ ರೋಸೆನ್‌ಫೆಲ್ಡ್ ಮತ್ತು ಸಂಗಡಿಗರು ಇಲಿಯ ಬೆಳವಣಿಗೆ ಹಾರ್ಮೋನಿನ ಜೀನ್‌ನಲ್ಲಿ ಗ್ಲುಕೋಕಾರ್ಟಿಕಾಯ್ಡ್ ಮತ್ತು ಥೈರಾಯ್ಡ್ ಹಾರ್ಮೋನು ನಕಲಿನ ಹಂತದಲ್ಲೇ ಕೈಯಾಡಿಸುತ್ತವೆ ಎಂದು ಸ್ಥಾಪಿಸಿದರು. ಅನುಮಾನಕ್ಕೆ ತೆರೆ ಬಿತ್ತು.

ತಕರಾರು ಇಲ್ಲಿಂದ ಶುರು. ಪ್ರಬಂಧಗಳಲ್ಲಿ ‘ಇಲಿಯ ಗಡ್ಡೆಯ ಕೋಶ’ ಮೆಲ್ಲಗೆ ‘ಪಿಟ್ಯುಟರಿ ಕೋಶ’ ಆಗಿಬಿಡುತ್ತದೆ. ಓದುಗ ಅದನ್ನು ಮನುಷ್ಯನ ಗ್ರಂಥಿ ಎಂದೇ ಓದಿಕೊಳ್ಳುತ್ತಾನೆ. ಥೈರಾಯ್ಡ್ ಹಾರ್ಮೋನಿಗೆ ಇಲಿಯ ಈ ಜೀನ್ ಜೋರಾಗಿ ಸ್ಪಂದಿಸುತ್ತದೆ. ಮನುಷ್ಯನ ಜೀನ್ ಅದೇ ರೀತಿ ಸ್ಪಂದಿಸುವುದಿಲ್ಲ.

ಇದಕ್ಕಿಂತ ದೊಡ್ಡ ಕೊರತೆ ಪ್ರೊಲ್ಯಾಕ್ಟಿನ್ ವಿಷಯದಲ್ಲಿದೆ. ದೇಹದಲ್ಲಿ ಪ್ರೊಲ್ಯಾಕ್ಟಿನ್‌ಗೆ ಕಡಿವಾಣ ಹಾಕುವುದು ಮುಖ್ಯವಾಗಿ ಮಿದುಳಿನ ಹೈಪೊಥಲಮಸ್‌ನಿಂದ ಇಳಿದುಬರುವ ಡೋಪಮೈನ್. ರಿಚರ್ಡ್ ಮೌರರ್ 1981ರಲ್ಲಿ ಡೋಪಮೈನ್‌ನಂತೆ ವರ್ತಿಸುವ ಎರ್ಗೊಕ್ರಿಪ್ಟಿನ್ ಪ್ರೊಲ್ಯಾಕ್ಟಿನ್ ಜೀನ್‌ನ ನಕಲನ್ನೇ ತಗ್ಗಿಸುತ್ತದೆ ಎಂದು ತೋರಿಸಿದ್ದರು. ಆದರೆ ಜಿಎಚ್3ಯಲ್ಲಿ ಡೋಪಮೈನ್‌ನ ಡಿ2 ಗ್ರಾಹಕ ಕೆಲಸವನ್ನೇ ಮಾಡುವುದಿಲ್ಲ. ವೇಗವರ್ಧಕ ಇದ್ದು ಬ್ರೇಕ್ ಇಲ್ಲದ ಗಾಡಿಯಲ್ಲಿ ಚಾಲನೆಯ ಪಾಠ ಕಲಿತಂತೆ ಇದು. ಹಾಲೂಡದ ಹೆಂಗಸಿನಲ್ಲಿ ಹಾಲಿಳಿಸಿ ಮುಟ್ಟು ನಿಲ್ಲಿಸುವ ಪ್ರೊಲ್ಯಾಕ್ಟಿನೋಮ ಗಡ್ಡೆಗೆ ವೈದ್ಯರು ಬರೆದುಕೊಡುವ ಕ್ಯಾಬರ್ಗೊಲಿನ್ ಹಿಡಿಯುವುದೂ ಇದೇ ಡಿ2 ದಾರಿಯನ್ನು.

ಹಾಗೆಂದು ಜಿಎಚ್3ಯನ್ನು ಬದಿಗೊತ್ತುವುದು ಅನ್ಯಾಯ. ಮ್ಯಾಂಚೆಸ್ಟರ್ ಮತ್ತು ಲಿವರ್‌ಪೂಲ್‌ನ ಸಂಶೋಧಕರು ಈ ಕೋಶಗಳಲ್ಲಿ ಪ್ರೊಲ್ಯಾಕ್ಟಿನ್ ಜೀನ್‌ನ ನಿಯಂತ್ರಣ ಭಾಗಕ್ಕೆ ಮಿಂಚುಹುಳದ ಬೆಳಕಿನ ಜೀನ್ ಜೋಡಿಸಿ, ಒಂದೊಂದೇ ಜೀವಂತ ಕೋಶದ ಬೆಳಕನ್ನು ಗಂಟೆಗಟ್ಟಲೆ ಹಿಂಬಾಲಿಸಿದರು. ಲಕ್ಷಾಂತರ ಕೋಶಗಳ ಸರಾಸರಿಯಲ್ಲಿ ನಯವಾಗಿ ಕಂಡ ಏರಿಕೆ, ಒಂಟಿ ಕೋಶದಲ್ಲಿ ಹತ್ತುವ-ಆರುವ ಅಲೆಗಳಾಗಿತ್ತು. ಪಕ್ಕಪಕ್ಕದ ಕೋಶಗಳೂ ಬೇರೆಬೇರೆ ಲಯದಲ್ಲಿದ್ದವು. ಇಂಥ ಕಾಣ್ಕೆಗೆ ಈ ಕೋಶಗಳೇ ಹೇಳಿ ಮಾಡಿಸಿದವು.

ಕೊರತೆಯನ್ನು ಬಚ್ಚಿಡದೆ ದುಡಿದವರೂ ಇದ್ದಾರೆ. 1990ರ ಸುಮಾರಿಗೆ ಇದೇ ಬಳಗದ ಜಿಎಚ್4ಸಿ1 ಕೋಶಗಳಿಗೆ ಡಿ2 ಗ್ರಾಹಕದ ಜೀನ್ ಸೇರಿಸಿದ ಸಂಶೋಧಕರು, ಅದುವರೆಗೆ ಡೋಪಮೈನ್‌ಗೆ ಕಿವುಡಾಗಿದ್ದ ಕೋಶಗಳು ಅದರ ಮಾತು ಕೇಳುವಂತೆ ಮಾಡಿದರು.