ಆರು ವಾರದ ಮೆಹಮಾನರು

2009ರ ಜುಲೈ ತಿಂಗಳ ಒಂದು ಮಧ್ಯಾಹ್ನ ತಿಕೋಟಾದ ನಮ್ಮ ಬಡೀಖಾಲಾ ಅವರ ಮನೆಗೆ ಒಬ್ಬ ಪರದೇಶದ ಹುಡುಗಿ ಬಂದಳು. ಬಡೀಖಾಲಾ ಎಂದರೆ ನನ್ನ ತಾಯಿಯ ಅಕ್ಕ. ಹುಡುಗಿಗೆ ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸು. ದಕ್ಖನಿನ ಊರುಗಳನ್ನು ಸುತ್ತಿಸಿ ಪಾಠ ಹೇಳುವ ಆರು ವಾರಗಳ ಬೇಸಿಗೆ ಕೋರ್ಸಿಗೆ ತನ್ನ ವಿಶ್ವವಿದ್ಯಾಲಯದ ತಂಡದ ಜೊತೆ ಬಂದಿದ್ದಳು. ಉಳಿದವರು ಗೋಲಗುಂಬಜದಲ್ಲಿ ಚಪ್ಪಾಳೆ ಹೊಡೆದು ಪ್ರತಿಧ್ವನಿ ಎಣಿಸುತ್ತಿದ್ದಾಗ ಈಕೆ ಹೆಂಗಸರ ಬೀಸುವ ಹಾಡು ಕೇಳಬೇಕೆಂದು ಹಟ ಹಿಡಿದಿದ್ದಳಂತೆ. ಪರಿಚಯದವರೊಬ್ಬರು ಹೇಳಿ ಕಳಿಸಿದರು. ನಾನು ಕರೆದುಕೊಂಡು ಹೋದೆ.

ಬೇಸಿಗೆಯ ಕೋರ್ಸು ಎಂದು ನಾನು ಹೇಳಿದಾಗ ಬಡೀಖಾಲಾ ಹೊರಗೆ ಬೀಳುತ್ತಿದ್ದ ಜಿಟಿಜಿಟಿ ಮಳೆ ನೋಡಿ ನಕ್ಕರು. ಇದ್ಯಾವ ಬೇಸಿಗಿಯಪ್ಪಾ ಎಂದರು. ಅವರ ಲೆಕ್ಕದಲ್ಲಿ ಬೇಸಿಗೆ ಮುಗಿದು ಕಾರಹುಣ್ಣಿಮೆಯೂ ಕಳೆದು ಮುಂಗಾರು ಬಿತ್ತಿಗೆಯ ಮಾತು ನಡೆದಿತ್ತು. ಆ ನಗೆಯಲ್ಲೇ ಒಂದು ವಿಮರ್ಶೆ ಇತ್ತೆಂದು ನನಗೆ ಬಹಳ ವರ್ಷಗಳ ಮೇಲೆ ತಿಳಿಯಿತು. ಕಲಿಯುವವರ ಕ್ಯಾಲೆಂಡರ್ ಬೇರೆ, ಕಲಿಸುವ ಊರಿನ ಕ್ಯಾಲೆಂಡರ್ ಬೇರೆ. ಕೋರ್ಸು ಯಾವಾಗಲೂ ಮೊದಲನೆಯದರ ಪ್ರಕಾರ ನಡೆಯುತ್ತದೆ.

ಹುಡುಗಿ ತನ್ನ ದೇಶದಲ್ಲಿ ಎರಡು ವರ್ಷ ಉರ್ದು ಕಲಿತವಳು. ಅಕ್ಷರ ಚೆನ್ನಾಗಿ ಓದುತ್ತಿದ್ದಳು. ಬಡೀಖಾಲಾ "ಖಾನಾ ಖಾಕೋ ಜಾ ಬೇಟಿ" ಎಂದಾಗ ಮಾತ್ರ ತಡವರಿಸಿದಳು. ಆಕೆ ಕಲಿತ ಉರ್ದುವಿನಲ್ಲಿ ಅದು 'ಖಾಕರ್'. 'ಕೋ' ಎಂದರೆ ಯಾರಿಗೋ ಏನೋ ಕೊಡಬೇಕು. ನಮ್ಮ ದಖನಿಯಲ್ಲಿ 'ಖಾಕೋ ಜಾ' ಎಂದರೆ ಕನ್ನಡದ 'ಉಂಡು ಹೋಗು'. ಇಷ್ಟು ಹೇಳಿದ ಮೇಲೆ ಆಕೆಯ ಮುಖ ಅರಳಿತು, ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಕೋರ್ಸಿನ ಆರು ವಾರಗಳಲ್ಲಿ ಆಕೆ ಕಲಿತ ಅತ್ಯಂತ ಒಳ್ಳೆಯ ಪಾಠ ಅದಾಗಿರಬಹುದು ಎಂದು ನಾನು ನಂಬಿದ್ದೇನೆ. ಅದು ಪಠ್ಯಸೂಚಿಯಲ್ಲಿ ಇರಲಿಲ್ಲ.

ಬಡೀಖಾಲಾ ಹುಟ್ಟಿದ್ದು ಬಬಲೇಶ್ವರದಲ್ಲಿ, ಕೊಟ್ಟಿದ್ದು ತಿಕೋಟಾಕ್ಕೆ. ಬಬಲೇಶ್ವರದಲ್ಲಿ ಪಕ್ಕದ ಮನೆಯ ಒಕ್ಕಲಿಗರ ಹೆಂಗಸರ ಜೊತೆ ಜೋಳ ಬೀಸಿ ಬೀಸಿ ಕನ್ನಡದ ಬೀಸುವ ಪದ ಕಲಿತಿದ್ದರು. ದಖನಿಯ ಚಕ್ಕಿಯ ಹಾಡು ಅವರ ಅತ್ತೆಯಿಂದ ಬಂದದ್ದು. ಅವರಿಗೆ ಇವೆರಡೂ ಒಂದೇ ಕಲ್ಲಿನ ಹಾಡುಗಳು. ಒಂದು ಹಾಡಿನಲ್ಲಿ ಅಲ್ಲಾಹನ ನೆನಪು, ಪೀರರ ನೆನಪು. ಇನ್ನೊಂದರಲ್ಲಿ ತವರು, ಅಣ್ಣ, ಬಸವಣ್ಣ. ಕೈ ಸೋತಾಗ ಒಂದರಿಂದ ಇನ್ನೊಂದಕ್ಕೆ ದಾಟುತ್ತಿದ್ದರು. ಅಂದೂ ಹಾಗೆಯೇ ದಾಟಿದರು. ಕನ್ನಡದ ಪದ ಶುರುವಾದ ಕೂಡಲೇ ಹುಡುಗಿ ಬಹಳ ವಿನಯದಿಂದ ರೆಕಾರ್ಡರ್ ನಿಲ್ಲಿಸಿದಳು. ಅದು ತನ್ನ ವಿಷಯದ ಒಳಗೆ ಬರುವುದಿಲ್ಲ, ತನ್ನ ಪತ್ರಿಕೆ ಉರ್ದು ಮತ್ತು ಸೂಫಿಗಳ ಮೇಲೆ ಎಂದಳು. ಬಡೀಖಾಲಾ ಬೇಸರ ಮಾಡಿಕೊಳ್ಳಲಿಲ್ಲ. ಯಂತ್ರಕ್ಕೆ ದಣಿವಾಗಿರಬೇಕು ಎಂದುಕೊಂಡರು.

ಹೋಗುವಾಗ ಹುಡುಗಿ ಹಾಡಿನ ಒಂದು ಪ್ರತಿ ಕಳಿಸುವುದಾಗಿ ಮಾತು ಕೊಟ್ಟಳು. ಅದು ಬರಲಿಲ್ಲ. ಮೂರು ವರ್ಷಗಳ ನಂತರ ಬಡೀಖಾಲಾ ತೀರಿಕೊಂಡರು. ಅವರ ಅರ್ಧ ಧ್ವನಿ ಯಾವುದೋ ದೇಶದ ಯಾವುದೋ ಕಂಪ್ಯೂಟರಿನಲ್ಲಿ ಇರಬಹುದು. ಉಳಿದರ್ಧ ಎಲ್ಲಿಯೂ ಇಲ್ಲ.

ಈ ನೋವನ್ನು ಎದುರಿಗಿಟ್ಟುಕೊಂಡೇ ಈ ಅಲ್ಪಾವಧಿ ಕೋರ್ಸುಗಳ ಬಗ್ಗೆ ನಾಲ್ಕು ಮಾತು ಬರೆಯುತ್ತಿದ್ದೇನೆ. ಆದರೆ ನೋವೇ ತೀರ್ಪಾಗಬಾರದು.

ಹೊರದೇಶಕ್ಕೆ ಹೋಗಿ ಓದಿ ಬರುವ ಪದ್ಧತಿ ಅಮೆರಿಕದ ಕಾಲೇಜುಗಳಲ್ಲಿ ಈ ರೂಪದಲ್ಲಿ ಶುರುವಾಗಲಿಲ್ಲ. 1923ರಲ್ಲಿ ಡೆಲಾವೇರ್ ವಿಶ್ವವಿದ್ಯಾಲಯ ಎಂಟು ವಿದ್ಯಾರ್ಥಿಗಳನ್ನು ಫ್ರಾನ್ಸಿಗೆ ಕಳಿಸಿದಾಗ ಅದು ಒಂದು ಇಡೀ ವರ್ಷದ ಓದು. ಇಂದು ಆ ದೇಶದಿಂದ ಹೊರಗೆ ಓದಲು ಹೋಗುವವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬೇಸಿಗೆ ರಜೆಯಲ್ಲೋ ಎಂಟು ವಾರಗಳಿಗಿಂತ ಕಡಿಮೆ ಅವಧಿಗೋ ಹೋಗುವವರು. ಇದಕ್ಕೆ ಕಾರಣಗಳಿವೆ. ವರ್ಷದ ಖರ್ಚು ದೊಡ್ಡದು, ಓದಿನ ಜೊತೆ ಕೆಲಸ ಮಾಡುವ ಬಡ ವಿದ್ಯಾರ್ಥಿಗೆ ಒಂದು ವರ್ಷ ಬಿಡುವಿಲ್ಲ. ಶ್ರೀಮಂತರ ಮಕ್ಕಳಿಗೆ ಮಾತ್ರ ಇದ್ದ ಬಾಗಿಲು ಆರೆಂಟು ವಾರದ ಲೆಕ್ಕದಲ್ಲಿ ಇನ್ನೂ ಕೆಲವರಿಗೆ ತೆರೆಯಿತು ಎಂಬುದು ಸುಳ್ಳಲ್ಲ.

ಎಲ್ಲ ಕೋರ್ಸುಗಳನ್ನು ಒಂದೇ ತಕ್ಕಡಿಯಲ್ಲಿ ತೂಗುವುದೂ ತಪ್ಪು. 1961ರಲ್ಲಿ ಸ್ಥಾಪನೆಯಾದ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಮೈಸೂರಿನಲ್ಲಿ ಕನ್ನಡ, ಲಖನೌದಲ್ಲಿ ಉರ್ದು ಮತ್ತು ಮೊಘಲ್ ಕಾಲದ ಪರ್ಷಿಯನ್ ಕಲಿಸುತ್ತ ಬಂದಿದೆ. ಅಲ್ಲಿ ಬೇಸಿಗೆಯ ಅವಧಿಯೂ ಗಂಭೀರ ಭಾಷಾಭ್ಯಾಸದ ಅವಧಿಯೇ. ಭಾಷೆ ಕಲಿತು ಬಂದವನು ಕನಿಷ್ಠ ಕೇಳಲಾದರೂ ಬಲ್ಲ. ಹೀಗೆ ಕಲಿತು, ವರ್ಷಗಟ್ಟಲೆ ಕೂತು ಕೆಲಸ ಮಾಡಿದವರಿಂದ ನಮಗೆ ಆದ ಉಪಕಾರವನ್ನು ಮರೆಯಬಾರದು. ನಮ್ಮ ಹೆಂಗಸರ ಚಕ್ಕಿಯ ಹಾಡು, ರಾಟೆಯ ಹಾಡುಗಳು ಸೂಫಿಗಳ ಇತಿಹಾಸಕ್ಕೆ ಆಧಾರವಾಗಬಲ್ಲವೆಂದು ಜಗತ್ತಿಗೆ ಗಟ್ಟಿಯಾಗಿ ಹೇಳಿದವರು ರಿಚರ್ಡ್ ಈಟನ್. 1974ರ ಲೇಖನದಲ್ಲಿ ಮತ್ತು 1978ರ 'ಸೂಫೀಸ್ ಆಫ್ ಬಿಜಾಪುರ್' ಪುಸ್ತಕದಲ್ಲಿ. ನಮ್ಮ ಮನೆಯ ಹಿತ್ತಲಿನ ಹಾಡಿಗೆ ಬೆಲೆ ಇದೆಯೆಂದು ನನಗೆ ತಿಳಿದದ್ದು ಒಬ್ಬ ಅಮೆರಿಕನ್ನರಿಂದ ಎಂಬುದನ್ನು ಒಪ್ಪಿಕೊಳ್ಳಲು ನಾಚಿಕೆಯಾದರೂ ಒಪ್ಪಿಕೊಳ್ಳಬೇಕು.

ಹಾಗಾದರೆ ತಕರಾರು ಏನು? ಅವಧಿ ಕಡಿಮೆ ಎಂಬುದಷ್ಟೇ ಅಲ್ಲ. ಸಮಯ ಕಡಿಮೆಯಾದಾಗ ಕೋರ್ಸು ಮೊದಲು ಮಾಡುವ ಕೆಲಸ ಕತ್ತರಿಸುವುದು. ಉರ್ದು ಒಂದು ಕಡೆ, ಕನ್ನಡ ಇನ್ನೊಂದು ಕಡೆ. ಇಸ್ಲಾಮಿಕ್ ವಾಸ್ತುಶಿಲ್ಪ ಒಂದು ದಿನ, ವಚನ ಚಳವಳಿ ಮರುದಿನ. ಕತ್ತರಿಸಿದ ತುಂಡನ್ನು ಕಲಿತವನು ಅದೇ ಪೂರ್ಣವೆಂದು ತಿಳಿದು ಹೋಗುತ್ತಾನೆ.

ಮೊಹರಂ ಉದಾಹರಣೆ ನೋಡಿ. 2025ರಲ್ಲಿ ಆಶೂರಾ ಜುಲೈ 6ರಂದು ಬಂತು. ಆ ವಾರ ನಮ್ಮ ಜಿಲ್ಲೆಯ ಹಳ್ಳಿಗೆ ಬಂದ ವಿದ್ಯಾರ್ಥಿ ಅಲಾಯಿಯ ಸುತ್ತ ಹೆಜ್ಜೆ ಹಾಕುವವರನ್ನು, ಹಿಂದೂ ಮುಸ್ಲಿಮರು ಕೂಡಿ ಹಾಡುವ ರಿವಾಯತ್ ಪದಗಳನ್ನು, ಮೇಲೆ ಸುರಿಯುವ ಮಳೆಯನ್ನು ಕಂಡು ಇದೊಂದು ಮುಂಗಾರಿನ ಹಬ್ಬ ಎಂದು ಬರೆದರೆ ಅವನ ತಪ್ಪಿಲ್ಲ, ಅವನು ಕಂಡದ್ದು ಹಾಗೆ. ಆದರೆ ಮೊಹರಂ ಪ್ರತಿವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ. ಕೆಲವೇ ವರ್ಷಗಳಲ್ಲಿ ಅದು ಸುಡುಬಿಸಿಲಿಗೆ, ಆಮೇಲೆ ಜೋಳದ ಸುಗ್ಗಿಗೆ ಬರುತ್ತದೆ. ಪೂರ್ತಿ ಸುತ್ತು ಬರಲು ಮೂವತ್ತಮೂರು ವರ್ಷ ಬೇಕು. ಅಷ್ಟು ಕಾಲ ಕಾಯುವುದು ಯಾವ ಕೋರ್ಸಿಗೂ ಸಾಧ್ಯವಿಲ್ಲ. ಅಷ್ಟು ಕಾಲ ಅಲ್ಲಿಯೇ ಬದುಕಿದವರನ್ನು ಕೇಳುವುದು ಸಾಧ್ಯ. ಅವರನ್ನು ಗುರುಗಳೆಂದು ಕೋರ್ಸು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅವರು 'ಮಾಹಿತಿ ಕೊಟ್ಟವರು', ಅಷ್ಟೇ.

ನಮ್ಮ ಪರಂಪರೆಯಲ್ಲಿ ಇಲ್ಮಿಗಾಗಿ ಮಾಡುವ ಪ್ರಯಾಣಕ್ಕೆ ದೊಡ್ಡ ಸ್ಥಾನವಿದೆ. ಪ್ರವಾದಿಯವರ ಸಂಗಾತಿ ಜಾಬಿರ್ ಬಿನ್ ಅಬ್ದುಲ್ಲಾ ಒಂದೇ ಒಂದು ಹದೀಸನ್ನು ನೇರವಾಗಿ ಕೇಳಿಸಿಕೊಳ್ಳಲು ಒಂಟೆ ಕೊಂಡು ಒಂದು ತಿಂಗಳು ಪ್ರಯಾಣ ಮಾಡಿ ಅಬ್ದುಲ್ಲಾ ಬಿನ್ ಉನೈಸರ ಬಾಗಿಲಿಗೆ ಹೋದರೆಂಬುದು ಪ್ರಸಿದ್ಧ. ಒಂದು ಮಾತಿಗೆ ಒಂದು ತಿಂಗಳು. ಈಗ ಒಂದು ತಿಂಗಳಿಗೆ ಒಂದು ದಕ್ಖನ್. ಜಾಬಿರರ ಪ್ರಯಾಣದಲ್ಲಿ ಮುಖ್ಯವಾದದ್ದು ದಾರಿಯ ದೂರವಲ್ಲ, ಯಾರ ಬಾಯಿಂದ ಕೇಳಿದೆ ಎಂಬ ಖಚಿತತೆ. ಕಲಿಸಿದವರ ಹೆಸರು ಕಲಿತದ್ದರ ಜೊತೆಗೇ ಸಾಗಬೇಕು ಎಂಬ ನಿಯಮ.

ಹೊರಗಿನಿಂದ ಬಂದ ವಿದ್ವಾಂಸರು ವಿಜಯಪುರಕ್ಕೆ ಹೊಸಬರಲ್ಲ. ಅಸ್ತರಾಬಾದಿನಲ್ಲಿ ಹುಟ್ಟಿದ ಫರಿಶ್ತಾ 1589ರಲ್ಲಿ ಇಲ್ಲಿಗೆ ಬಂದು ತನ್ನ ದೊಡ್ಡ ಇತಿಹಾಸವನ್ನು ಬರೆದ. ಖುರಾಸಾನಿನ ಜುಹೂರಿ, ಕುಮ್ ಪಟ್ಟಣದ ಮಲಿಕ್ ಇಲ್ಲಿಗೆ ಬಂದು ಇಲ್ಲಿಯವರೇ ಆದರು. ಎರಡನೆಯ ಇಬ್ರಾಹಿಂ ಆದಿಲ್ ಶಾಹ ದಖನಿಯಲ್ಲಿ 'ಕಿತಾಬೆ ನೌರಸ್' ಬರೆದಾಗ ಅದಕ್ಕೆ ಪರ್ಷಿಯನ್ನಿನಲ್ಲಿ ಮುನ್ನುಡಿ ಬರೆದವನು ಜುಹೂರಿಯೇ. ಸರಸ್ವತಿಯನ್ನು ನೆನೆಯುವ ಸುಲ್ತಾನನ ಹಾಡುಗಳಿಗೆ ಇರಾನಿನ ಕವಿಯ ಮುನ್ನುಡಿ! ಇದು ಉಳಿದು ಕಲಿತವರ ಫಲ.

ಇನ್ನೂ ಹಿಂದಕ್ಕೆ ಹೋಗೋಣ. ಇದೇ ಜಿಲ್ಲೆಯ ಇಂಡಿ ತಾಲೂಕಿನ ಸಾಲೋಟಗಿಯ ಶಾಸನ 945ನೇ ಇಸವಿಯದು. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಅಲ್ಲಿ ಒಂದು ಶಾಲೆ ಕಟ್ಟಿಸಿದ. ಬೇರೆ ಬೇರೆ ಜನಪದಗಳಿಂದ ಬರುವ ವಿದ್ಯಾರ್ಥಿಗಳ ವಾಸಕ್ಕೆ 27 ಮನೆಗಳು, ದೀಪದ ಖರ್ಚಿಗೆ 12 ನಿವರ್ತನ ಭೂಮಿ, ಉಪಾಧ್ಯಾಯರಿಗೆ 50 ನಿವರ್ತನ. ಅಗ್ರಹಾರದ ಮನೆಗಳಲ್ಲಿ ಮದುವೆಯಾದರೆ ಶಾಲೆಗೆ ಐದು ನಾಣ್ಯ, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂವರೆ ಕೊಡಬೇಕು. ಅದು ಎಲ್ಲರಿಗೂ ತೆರೆದ ಶಾಲೆಯಾಗಿರಲಿಲ್ಲ. ನನ್ನಂಥವನ ಪೂರ್ವಿಕರು ಅದರ ಹೊಸ್ತಿಲು ಹತ್ತುವಂತಿರಲಿಲ್ಲ. ಆದರೂ ಅಲ್ಲಿ ಒಂದು ಮಾತಿದೆ. ದೂರದ ವಿದ್ಯಾರ್ಥಿಯನ್ನು ಸಾಕಲು ಊರು ತನ್ನ ಮದುವೆಯ ಖರ್ಚಿನಲ್ಲಿ ಪಾಲು ತೆಗೆದಿಡುತ್ತಿತ್ತು. ಆದ್ದರಿಂದ ಆ ವಿದ್ಯೆಯ ಮೇಲೆ ಊರಿಗೂ ಒಂದು ಹಕ್ಕಿತ್ತು. ಈಗ ವಿದ್ಯಾರ್ಥಿ ದೊಡ್ಡ ಶುಲ್ಕ ಕಟ್ಟುತ್ತಾನೆ, ಅದು ಬಸ್ಸಿಗೆ, ಹೋಟೆಲಿಗೆ, ವಿಶ್ವವಿದ್ಯಾಲಯಕ್ಕೆ ಹೋಗುತ್ತದೆ. ಊರಿಗೆ ಹಣವೂ ಇಲ್ಲ, ಹಕ್ಕೂ ಇಲ್ಲ, ಬರೆದ ಪತ್ರಿಕೆಯ ಒಂದು ಪ್ರತಿಯೂ ಇಲ್ಲ.

ಕೊಂಡುಹೋದದ್ದು ಮರಳಿ ಬಾರದ ಕಥೆ ನಮ್ಮೂರಿಗೆ ಹಳೆಯದು. ಆಸಾರ್ ಮಹಲಿನ ಅರಬ್ಬಿ, ಪರ್ಷಿಯನ್ ಹಸ್ತಪ್ರತಿಗಳು 19ನೇ ಶತಮಾನದ ನಡುವಿನಲ್ಲಿ ಕಂಪನಿಯವರ ಕೈಯಿಂದ ಲಂಡನ್ ಸೇರಿದವು. ಇಂದು ಅವು ಬ್ರಿಟಿಷ್ ಲೈಬ್ರರಿಯಲ್ಲಿವೆ. ಅವು ಅಲ್ಲಿ ಹುಳ ಹಿಡಿಯದೆ ಉಳಿದಿವೆ ಎನ್ನುವವರಿದ್ದಾರೆ, ಸರಿಯಾದ ಮಾತೇ. ಆದರೆ ಓದಬೇಕಾದ ತಿಕೋಟಾದ ಹುಡುಗನಿಗೂ ಅವುಗಳಿಗೂ ನಡುವೆ ಒಂದು ಸಮುದ್ರ ಬಂತು.

ಇಷ್ಟು ಹೇಳಿದ ಮೇಲೆ ಬೆರಳು ನಮ್ಮ ಕಡೆಗೂ ತಿರುಗಬೇಕು. ಆ ಹುಡುಗಿ ರೆಕಾರ್ಡರ್ ನಿಲ್ಲಿಸಿದ್ದಕ್ಕೆ ನಾನು ಇಷ್ಟು ವರ್ಷ ಕೊರಗಿದೆ. ನಮ್ಮ ಮನೆಯಲ್ಲೂ ಟೇಪ್ ರೆಕಾರ್ಡರ್ ಇತ್ತು. ಅದರಲ್ಲಿ ಕವ್ವಾಲಿ ಕೇಳಿದೆವು, ಮದುವೆಯ ಗದ್ದಲ ತುಂಬಿದೆವು. ಬಡೀಖಾಲಾ ಅವರ ಒಂದು ಪದವನ್ನೂ ಹಿಡಿದಿಡಲಿಲ್ಲ. ನಾನು ಕಥೆ ಬರೆಯುವವನು, ಎರಡೂ ಲಿಪಿ ಬಲ್ಲವನು. ನನಗೆ ಆರು ವಾರವಲ್ಲ, ಮೂವತ್ತು ವರ್ಷ ಸಿಕ್ಕಿತ್ತು.

ಕತ್ತರಿಸುವ ಕೆಲಸವನ್ನಾದರೂ ಆ ಕೋರ್ಸೇ ಮೊದಲು ಮಾಡಿತೇ? ನಾನು ಓದಿದ ಉರ್ದು ಶಾಲೆಯಲ್ಲಿ ದಖನಿ ಎಂದರೆ ತಿದ್ದಬೇಕಾದ ತಪ್ಪು. ಮನೆಯಲ್ಲಿ ಆಡಿದ 'ನಕ್ಕೋ' ತರಗತಿಯಲ್ಲಿ ಬಾಯಿತಪ್ಪಿ ಬಂದರೆ ಬೆತ್ತ. ಆಮೇಲೆ ಸೇರಿದ ಕನ್ನಡ ಶಾಲೆಯಲ್ಲಿ ನನ್ನ ಮನೆಮಾತು ಕನ್ನಡದ ಕಥೆಗೆ ಸಂಬಂಧವಿಲ್ಲದ್ದು. ರೆಕಾರ್ಡರ್ ನಿಲ್ಲಿಸುವುದನ್ನು ನಮಗೆ ಬಾಲ್ಯದಲ್ಲೇ ಕಲಿಸಲಾಗಿದೆ. ಹುಡುಗಿ ಪರದೇಶದಿಂದ ಬಂದು ನಮ್ಮದೇ ಪಾಠವನ್ನು ನಮಗೆ ಒಪ್ಪಿಸಿದಳು, ಅಷ್ಟೇ.

ವಿಜಯಪುರದ ಕೋಟೆಯೊಳಗೆ ಕರೀಮುದ್ದೀನ್ ಮಸೀದಿ ಇದೆ, 1320ರದು. ಹಳೆಯ ದೇಗುಲದ ಕಂಬಗಳಿಂದ ಎದ್ದ ಕಟ್ಟಡ. ಅದರ ನಾಗರಿ ಶಾಸನದಲ್ಲಿ ಕಟ್ಟಿದವನ ಹೆಸರಿದೆ, ಸಾಲೋಟಗಿಯ ರೇವೋಯ. ಹೊರಗಿನವರನ್ನು ಸಾಕಿದ ಶಾಲೆಯ ಅದೇ ಸಾಲೋಟಗಿ! ಮಸೀದಿ ಕಟ್ಟಿದ ಈ ಕುಶಲಕರ್ಮಿಯ ಹೆಸರು ನಮ್ಮ ಎಷ್ಟು ಮಕ್ಕಳಿಗೆ ಗೊತ್ತು? ಅದನ್ನು ಓದಲು ಸಾಗರದಾಚೆಯಿಂದ ವಿದ್ಯಾರ್ಥಿ ಬರುತ್ತಾನೆ. ನಾವು ಅದರ ಪಕ್ಕದಲ್ಲೇ ಸಂತೆಗೆ ಹೋಗುತ್ತೇವೆ.

ಹೊರದೇಶದ ಮಕ್ಕಳು ಬರಲಿ, ಬಾಗಿಲು ಹಾಕುವುದು ನಮ್ಮ ರೂಢಿಯಲ್ಲ. ಆದರೆ ಮೂರು ಮಾತು ಕೇಳುವ ಧೈರ್ಯ ನಮಗೆ ಬೇಕು. ರೆಕಾರ್ಡ್ ಮಾಡಿದ್ದರ ಪ್ರತಿ ಹಾಡಿದವರ ಮನೆಯಲ್ಲಿ ಉಳಿಯಬೇಕು. ಹಾಡಿದವರ ಹೆಸರು, ಅವರು ಒಪ್ಪಿದರೆ, ಗುರುಗಳ ಹೆಸರಾಗಿ ಬರಬೇಕು. ಬಂದ ಪ್ರತಿಯೊಬ್ಬ ವಿದ್ಯಾರ್ಥಿಯ ಜೊತೆ ಇಲ್ಲಿಯ ಒಬ್ಬ ವಿದ್ಯಾರ್ಥಿ ಇರಬೇಕು. ಇದಕ್ಕೆ ದೂರ ಹುಡುಕಬೇಕಿಲ್ಲ. ತಿಕೋಟಾಕ್ಕೆ ಹೋಗುವ ಅಥಣಿ ರಸ್ತೆಯಲ್ಲೇ, ಇಬ್ರಾಹಿಂ 1599ರಲ್ಲಿ ನೌರಸಪುರ ಕಟ್ಟಲು ಹೊರಟ ತೊರವಿಯ ನೆಲದಲ್ಲಿ, ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯವಿದೆ. ಅಲ್ಲಿ ಓದುವ ಹಳ್ಳಿಯ ಹುಡುಗಿಯರ ಅಜ್ಜಿಯರೇ ಈ ಹಾಡುಗಳ ಕೊನೆಯ ಪೀಳಿಗೆ.

ಅದಕ್ಕಿಂತ ಮೊದಲು ನಮ್ಮದೇ ಒಂದು ಬೇಸಿಗೆ ಕೋರ್ಸು ನಡೆಯಲಿ, ನಮ್ಮ ನಿಜವಾದ ಬೇಸಿಗೆಯಲ್ಲಿ, ಏಪ್ರಿಲ್ ಮೇ ರಜೆಯಲ್ಲಿ. ಉರ್ದು ಶಾಲೆಯ ಒಬ್ಬಳು, ಕನ್ನಡ ಶಾಲೆಯ ಒಬ್ಬಳು, ಇಬ್ಬರಿಗೆ ಒಂದು ನೋಟ್‌ಬುಕ್ಕು. ಕೈಯಲ್ಲಿರುವ ಮೊಬೈಲೇ ರೆಕಾರ್ಡರ್. ಬಬಲೇಶ್ವರದಲ್ಲಿ ಬಡೀಖಾಲಾ ಜೊತೆ ಬೀಸಿದ ಒಬ್ಬ ಅಜ್ಜಿ ಇನ್ನೂ ಇದ್ದಾರೆ. ಎಂಬತ್ತು ದಾಟಿದೆ, ಕಿವಿ ಮಂದ, ಪದ ನೆನಪಿದೆ. ಹೋದ ತಿಂಗಳು ನೋಡಲು ಹೋಗಿದ್ದೆ. ನಮ್ಮ ಬಡೀಖಾಲಾ ಕಲಿಸಿದ ಒಂದು ದಖನಿ ಹಾಡಿನ ಎರಡು ಸಾಲನ್ನು ತಮ್ಮ ಕನ್ನಡದ ಉಚ್ಚಾರದಲ್ಲಿ ಹೇಳಿ, ಮುಂದಿನದು ತಡೆದು ಬರತೈತಿ ತಮ್ಮಾ, ಕೂಡು ಎಂದರು.

ಈ ಸಲ ನಾನು ಎದ್ದು ಬರಲಿಲ್ಲ.