ಕೊನೆಯ ಮೂರು ಕಿಲೋ ಯಾರ ಲೆಕ್ಕ?

ತೂಕ ಇಳಿಸಲು ಹೊರಟು ಮುಕ್ಕಾಲು ದಾರಿ ಸವೆಸಿದವರ ದೂರು ಹೆಚ್ಚುಕಡಿಮೆ ಒಂದೇ: ಎಪ್ಪತ್ತಿದ್ದದ್ದು ಐವತ್ತೆಂಟಕ್ಕೆ ಬಂತು, ಹನ್ನೆರಡು ಕಿಲೋ ಹೋಯಿತು, ಇನ್ನು ಮೂರೇ ಮೂರು, ಅದು ಮಾತ್ರ ಜಪ್ಪಯ್ಯ ಎಂದರೂ ಅಲ್ಲಾಡುತ್ತಿಲ್ಲ. ಈ ದೂರಿಗೆ ಪರಿಹಾರ ಹೇಳುವವರಿಗೇನೂ ಬರವಿಲ್ಲ. ಜಿಮ್ಮಿನ ಟ್ರೇನರ್ ಸಂಜೆಗೆ ಇನ್ನೊಂದು ಸುತ್ತು ಕಾರ್ಡಿಯೋ ಸೇರಿಸುತ್ತಾನೆ, ಡಯಟೀಶಿಯನ್ ರಾತ್ರಿ ಉಳಿದಿದ್ದ ಒಂದು ಚಪಾತಿಯನ್ನೂ ತೆಗೆಯುತ್ತಾರೆ, ಯೂಟ್ಯೂಬಿನಲ್ಲಿ ಜೀರಿಗೆ ನೀರಿನಿಂದ ಹಿಡಿದು ಹದಿನಾರು ಗಂಟೆಯ ಉಪವಾಸದವರೆಗೆ ಎಲ್ಲವೂ ಸಿಗುತ್ತದೆ. ಎಲ್ಲರೂ ಚರ್ಚಿಸುವುದು ಉಪಾಯವನ್ನು. ಗುರಿಯ ತಂಟೆಗೆ ಯಾರೂ ಹೋಗುವುದಿಲ್ಲ. ಐವತ್ತೈದು ಎಂದರೆ ಐವತ್ತೈದು, ಐವತ್ತೆಂಟಕ್ಕೆ ನಿಂತರೆ ಸೋಲು. ನನ್ನ ತಕರಾರು ಇರುವುದು ಇಲ್ಲಿ. ಕೊನೆಯ ಮೂರು ಕಿಲೋ ಎಂಬ ಸಮಸ್ಯೆಯನ್ನು ಬಹುಪಾಲು ಹುಟ್ಟಿಸಿದ್ದೇ ಆ ಸಂಖ್ಯೆ, ಮತ್ತು ಅದರ ಬೆನ್ನು ಹತ್ತುವ ಈಗಿನ ಪದ್ಧತಿ ಅದುವರೆಗೆ ಕಷ್ಟಪಟ್ಟು ಗಳಿಸಿದ್ದನ್ನೇ ಪಣಕ್ಕಿಡುವಂಥದ್ದು.

ಸಂಖ್ಯೆಯ ಮೂಲವನ್ನೇ ಮೊದಲು ನೋಡೋಣ. ನಮ್ಮಲ್ಲಿ ಹೆಚ್ಚು ಚಾಲ್ತಿಯಲ್ಲಿರುವ ಸೂತ್ರವೆಂದರೆ ಎತ್ತರದ ಸೆಂಟಿಮೀಟರಿನಲ್ಲಿ ನೂರು ಕಳೆಯುವುದು. ಹತ್ತೊಂಬತ್ತನೇ ಶತಮಾನದ ಫ್ರೆಂಚ್ ಶಸ್ತ್ರವೈದ್ಯ ಪಾಲ್ ಬ್ರೋಕಾನ ಹೆಸರಿನಲ್ಲಿ ಓಡಾಡುವ ಈ ಸೂತ್ರಕ್ಕೆ, ನೆನಪಿಡಲು ಸುಲಭ ಎಂಬುದನ್ನು ಬಿಟ್ಟರೆ ಬೇರೆ ಗುಣ ಕಾಣುವುದಿಲ್ಲ. ‘ಆದರ್ಶ ತೂಕ’ ಮನೆಮಾತಾಗಿದ್ದು ಅಮೆರಿಕದ ಮೆಟ್ರೊಪಾಲಿಟನ್ ಲೈಫ್ ಎಂಬ ವಿಮಾ ಕಂಪನಿಯಿಂದ. 1940ರ ದಶಕದ ಆರಂಭದಲ್ಲಿ ಅದು ಪಾಲಿಸಿದಾರರ ಸಾವಿನ ಲೆಕ್ಕ ಹಿಡಿದು ಕೋಷ್ಟಕ ಮಾಡಿತು. ಮೈಕಟ್ಟನ್ನು ಸಣ್ಣ, ಮಧ್ಯಮ, ದೊಡ್ಡ ಎಂದು ವಿಂಗಡಿಸಿತು, ಯಾರ ಮೈಕಟ್ಟು ಯಾವುದೆಂದು ಅಳೆಯುವ ಬಗೆಯನ್ನು ಹೇಳಲಿಲ್ಲ. ಈಗ ಎಲ್ಲ ಆಸ್ಪತ್ರೆಯ ಗೋಡೆಯಲ್ಲೂ ಇರುವ ಬಿಎಂಐ ಬೆಲ್ಜಿಯಂನ ಸಂಖ್ಯಾಶಾಸ್ತ್ರಜ್ಞ ಅಡಾಲ್ಫ್ ಕೆಟ್ಲೆ 1830ರ ದಶಕದಲ್ಲಿ ‘ಸರಾಸರಿ ಮನುಷ್ಯ’ನನ್ನು ಹುಡುಕುತ್ತ ಕಂಡುಕೊಂಡ ಅನುಪಾತ. 1972ರಲ್ಲಿ ಅದಕ್ಕೆ ಈಗಿನ ಹೆಸರಿಟ್ಟ ಆನ್ಸೆಲ್ ಕೀಸ್ ಕೂಡ ಅದನ್ನು ಜನಸಮುದಾಯಗಳ ಅಧ್ಯಯನಕ್ಕೆಂದೇ ಎತ್ತಿಕೊಂಡದ್ದು. ತಮಾಷೆಯೆಂದರೆ ಬಿಎಂಐ ಯಾರಿಗೂ ಒಂದು ಸಂಖ್ಯೆ ಕೊಡುವುದೇ ಇಲ್ಲ. 158 ಸೆಂಟಿಮೀಟರ್ ಎತ್ತರದ ಹೆಂಗಸಿಗೆ ಭಾರತೀಯರಿಗಾಗಿ ಬಿಗಿಗೊಳಿಸಿದ ಮಾನದಂಡದಲ್ಲೂ 46ರಿಂದ 57 ಕಿಲೋವರೆಗೆ ಎಲ್ಲವೂ ಸಹಜ. ಹನ್ನೊಂದು ಕಿಲೋ ಅಗಲದ ಆ ಬಯಲಿನಲ್ಲಿ 55 ಎಂಬ ಗೂಟ ನೆಟ್ಟವರು ವೈದ್ಯರಲ್ಲ. ಅದು ಕಾಲೇಜಿನ ಕಾಲದ ತೂಕವಿರಬಹುದು, ಮದುವೆ ಫೋಟೊದ್ದಿರಬಹುದು, ಅಥವಾ ಸುಮ್ಮನೆ ಐದರಲ್ಲಿ ಮುಗಿಯುವ ಅಂಕಿಯ ಮೇಲಿನ ಮೋಹ.

ಈ ಗೂಟ ಎಷ್ಟು ದೂರ ನೆಡಲ್ಪಡುತ್ತದೆ ಎಂಬುದಕ್ಕೆ ಅಮೆರಿಕದಲ್ಲಿ ಗ್ಯಾರಿ ಫಾಸ್ಟರ್ ಮತ್ತು ಸಂಗಡಿಗರು 1997ರಲ್ಲಿ ಪ್ರಕಟಿಸಿದ ಅಧ್ಯಯನ ಇವತ್ತಿಗೂ ಓದತಕ್ಕದ್ದು. ಬೊಜ್ಜಿನ ಚಿಕಿತ್ಸೆಗೆ ಬಂದ 60 ಮಹಿಳೆಯರನ್ನು ಮೊದಲೇ ಕೇಳಲಾಯಿತು: ಕನಸಿನ ತೂಕ ಯಾವುದು, ಯಾವುದಕ್ಕೆ ಖುಷಿ, ಯಾವುದಾದರೆ ಒಪ್ಪಿಕೊಳ್ಳಬಹುದು, ಯಾವುದಕ್ಕೆ ನಿಂತರೆ ನಿರಾಸೆ? ಅವರ ಗುರಿ ಸರಾಸರಿ ತಮ್ಮ ತೂಕದ ಶೇ. 32ರಷ್ಟನ್ನು ಇಳಿಸುವುದಾಗಿತ್ತು. 48 ವಾರಗಳ ನಂತರ ಅವರು ಸರಾಸರಿ 16 ಕಿಲೋ ಇಳಿಸಿದ್ದರು. ಯಾವ ವೈದ್ಯರಾದರೂ ಬೆನ್ನು ತಟ್ಟುವ ಫಲ. ಆದರೆ ಅವರಲ್ಲಿ ಶೇ. 47 ಮಂದಿ ತಾವೇ ‘ನಿರಾಸೆ’ ಎಂದು ಬರೆದುಕೊಟ್ಟಿದ್ದ ತೂಕವನ್ನೂ ಮುಟ್ಟಿರಲಿಲ್ಲ. ಚಿಕಿತ್ಸೆ ಗೆದ್ದಿತ್ತು, ಚೀಟಿಯಲ್ಲಿ ಬರೆದ ಸಂಖ್ಯೆ ಸೋಲಿಸಿತು.

ಇನ್ನು ದೇಹ ಯಾಕೆ ನಿಲ್ಲುತ್ತದೆ ಎಂಬುದು. 1958ರಲ್ಲಿ ಮ್ಯಾಕ್ಸ್ ವಿಶ್ನೋಫ್‌ಸ್ಕಿ ಹೇಳಿದ ಲೆಕ್ಕವೊಂದು ಡಯಟ್ ಚಾರ್ಟುಗಳಲ್ಲಿ ಈಗಲೂ ಜೀವಂತ: ಒಂದು ಪೌಂಡಿಗೆ 3,500 ಕ್ಯಾಲೊರಿ, ಅಂದರೆ ಕಿಲೋಗೆ ಸುಮಾರು 7,700. ದಿನಕ್ಕೆ ಐನೂರು ಕಡಿಮೆ ತಿಂದರೆ ವಾರಕ್ಕೆ ಅರ್ಧ ಕಿಲೋ, ಹೀಗೇ ಸಾಲಾಗಿ ಇಳಿಯುತ್ತಲೇ ಹೋಗಬೇಕು. ದೇಹ ಮಾತ್ರ ಇಳಿಯುತ್ತ ಬಂದಂತೆ ಖರ್ಚು ತಗ್ಗಿಸುತ್ತದೆ, ಹಸಿವು ಏರಿಸುತ್ತದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಹೋದ್ಯೋಗಿಗಳು ಮಾಡಿದ ಅಂದಾಜಿನಂತೆ, ಇಳಿದ ಪ್ರತಿ ಕಿಲೋಗೆ ದಿನದ ಖರ್ಚು 20ರಿಂದ 30 ಕ್ಯಾಲೊರಿ ಕಮ್ಮಿಯಾಗುತ್ತದೆ; ಹಸಿವು ಮಾತ್ರ ಸುಮಾರು 100 ಕ್ಯಾಲೊರಿಯಷ್ಟು ಹೆಚ್ಚುತ್ತದೆ. ಹನ್ನೆರಡು ಕಿಲೋ ಇಳಿಸಿದವರು ಪ್ರತಿದಿನ ಎಷ್ಟು ದೊಡ್ಡ ಎಳೆತದ ವಿರುದ್ಧ ನಿಂತಿದ್ದಾರೆ ಎಂದು ಇದರಿಂದ ಊಹಿಸಬಹುದು. ಇದು ನಾಲ್ಕು ದಿನದ ಚಪಲವೂ ಅಲ್ಲ. ಮೆಲ್ಬರ್ನ್‌ನ ಪ್ರಿಯಾ ಸುಮಿತ್ರನ್ ಮತ್ತು ತಂಡ 2011ರಲ್ಲಿ ತೋರಿಸಿದಂತೆ, ಹತ್ತು ವಾರಗಳ ಕಟ್ಟುನಿಟ್ಟಿನ ಪಥ್ಯ ಮುಗಿದು ಒಂದು ವರ್ಷವಾದ ಮೇಲೂ ಹಸಿವಿನ ಹಾರ್ಮೋನುಗಳು ಮೊದಲಿನ ಮಟ್ಟಕ್ಕೆ ಮರಳಿರಲಿಲ್ಲ. ಹಾಗಾಗಿ ಐವತ್ತೆಂಟಕ್ಕೆ ನಿಂತವರು ಏನೂ ಮಾಡದೆ ಕೂತಿಲ್ಲ. ಅಲ್ಲಿ ನಿಂತಿರುವುದೇ ಒಂದು ಕೆಲಸ.

ಅಡುಗೆಮನೆಗೆ ಬಂದರೆ ಲೆಕ್ಕ ಇನ್ನೂ ಬಿಗಡಾಯಿಸುತ್ತದೆ. ಐವತ್ತೆಂಟು ಕಿಲೋದ, ಕೂತು ಕೆಲಸ ಮಾಡುವ ಹೆಂಗಸಿಗೆ ದಿನಕ್ಕೆ ಬೇಕಾಗುವುದೇ 1,600-1,700 ಕ್ಯಾಲೊರಿ. ಅದರಲ್ಲಿ ಐನೂರು ಕಡಿತ ಮಾಡಿದರೆ ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿ. ತಡೆದುಕೊಳ್ಳಬಹುದಾದ ಕಡಿತ ನೂರೈವತ್ತು ಎಂದಿಟ್ಟುಕೊಳ್ಳಿ. ಈಗ ಒಲೆಯ ಮುಂದೆ ನಿಂತು ನೋಡಿ. ಒಗ್ಗರಣೆಗೆ ಕಣ್ಣಂದಾಜಿನಲ್ಲಿ ಸುರಿದ ಎಣ್ಣೆ ಒಂದು ದೊಡ್ಡ ಚಮಚ ಹೆಚ್ಚಾದರೆ 120 ಕ್ಯಾಲೊರಿ. ಬೀನ್ಸ್ ಪಲ್ಯದ ಮೇಲೆ ಉದುರಿಸಿದ ಹಿಡಿ ತೆಂಗಿನತುರಿ ನೂರರ ಹತ್ತಿರ. ಟೀವಿ ನೋಡುತ್ತ ಬಾಯಿಗೆ ಹಾಕಿಕೊಂಡ ಒಂದು ಹಿಡಿ ಕಡಲೆಕಾಯಿ ಬೀಜ ನೂರೈವತ್ತನ್ನು ದಾಟಬಹುದು. ಆ್ಯಪಿನಲ್ಲಿ ‘ಸಾಂಬಾರ್, ಒಂದು ಬಟ್ಟಲು’ ಎಂದು ಒತ್ತಿದರೆ ಅದು ಯಾರ ಮನೆಯ ಸಾಂಬಾರಿನದೋ ಒಂದು ಅಂಕಿ ಕೊಡುತ್ತದೆ. ಅಳತೆಯ ತಪ್ಪೇ ಕಡಿತಕ್ಕಿಂತ ದೊಡ್ಡದಾದ ಮೇಲೆ ಆ ಕಡಿತ ಇದೆಯೋ ಇಲ್ಲವೋ ಹೇಳುವವರು ಯಾರು? ತಪ್ಪದೆ ನಡೆದರೂ, 150ರ ಕಡಿತದಲ್ಲಿ ಕಾಗದದ ಮೇಲೆ ಒಂದು ಕಿಲೋ ಇಳಿಯಲು ಐವತ್ತು ದಿನ ಬೇಕು. ಅದೇ ಹೊತ್ತಿಗೆ ಉಪ್ಪಿನಕಾಯಿ, ತಡರಾತ್ರಿಯ ಊಟ, ತಿಂಗಳ ಮುಟ್ಟು, ಅನ್ನ ಬಿಟ್ಟು ಮತ್ತೆ ಉಂಡಾಗ ಸ್ನಾಯುವಿನಲ್ಲಿ ಸೇರುವ ಗ್ಲೈಕೋಜನ್ನಿನ ಜೊತೆಯ ನೀರು, ಇವೆಲ್ಲ ಸೇರಿ ತಕ್ಕಡಿಯನ್ನು ದಿನದಿಂದ ದಿನಕ್ಕೆ ಒಂದೆರಡು ಕಿಲೋ ಆಡಿಸುತ್ತಿರುತ್ತವೆ. ಬೆಳಿಗ್ಗೆ ಎದ್ದು ತಕ್ಕಡಿ ಹತ್ತುವವರು ಓದುತ್ತಿರುವುದು ಹೆಚ್ಚಾಗಿ ನೀರಿನ ಸುದ್ದಿ.

ಇಲ್ಲೊಂದು ಒರಟು ಆಕ್ಷೇಪ ಬರುತ್ತದೆ: ಇವರು ಹೇಳುವುದಕ್ಕಿಂತ ಹೆಚ್ಚು ತಿನ್ನುತ್ತಾರೆ, ಅಷ್ಟೇ ಕಥೆ. ಮಾತು ಸುಳ್ಳಲ್ಲ. 1992ರಲ್ಲಿ ನ್ಯೂಯಾರ್ಕಿನ ಸಂಶೋಧಕರು, ಎಷ್ಟು ಪಥ್ಯ ಮಾಡಿದರೂ ಇಳಿಯುತ್ತಿಲ್ಲ ಎನ್ನುವವರನ್ನು ಪರೀಕ್ಷಿಸಿದಾಗ ಅವರು ತಿಂದದ್ದನ್ನು ಸುಮಾರು ಶೇ. 47ರಷ್ಟು ಕಡಿಮೆ, ವ್ಯಾಯಾಮವನ್ನು ಶೇ. 51ರಷ್ಟು ಹೆಚ್ಚು ಹೇಳಿದ್ದು ಕಂಡುಬಂತು. ಆದರೆ ಇದು ನನ್ನ ವಾದಕ್ಕೇ ಬೆಂಬಲ. ಲೆಕ್ಕ ತಪ್ಪುವುದು ಮನುಷ್ಯಸಹಜವಾದರೆ, ಆ ತಪ್ಪಿಗೆ ಜಾಗವೇ ಇಲ್ಲದ ಗುರಿಯನ್ನು ಕೈಗಿಟ್ಟು ಆಮೇಲೆ ಬೈಯುವುದು ಯಾವ ನ್ಯಾಯ?

ಗಟ್ಟಿಯಾದ ಆಕ್ಷೇಪ ಬೇರೆಯಿದೆ, ಅದು ಭಾರತೀಯರದೇ. ನಮಗೆ 23ರ ಬಿಎಂಐ ದಾಟಿದರೆ ಅಪಾಯ ಶುರು, 158 ಸೆಂಟಿಮೀಟರಿಗೆ 58 ಕಿಲೋ ಎಂದರೆ ಗೆರೆಯ ಆಚೆಗೇ ಆಯಿತು, ಹಾಗಿರುವಾಗ ಕೊನೆಯ ಮೂರು ಕಿಲೋ ಬಿಡಿ ಎನ್ನುವುದು ಹೊಣೆಗೇಡಿತನವಲ್ಲವೇ? ಇದಕ್ಕೆ ಉತ್ತರ ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ಪ್ರಸಿದ್ಧ ಫೋಟೊದಲ್ಲಿದೆ. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅವರೂ ಲಂಡನ್ನಿನ ಜಾನ್ ಯುಡ್ಕಿನ್ನರೂ ಅಕ್ಕಪಕ್ಕ ನಿಂತರು; ಇಬ್ಬರ ಬಿಎಂಐ 22.3. ಯುಡ್ಕಿನ್ನರ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕರಲ್ಲಿ ಶೇ. 21.2. ತಕ್ಕಡಿ ಇಬ್ಬರಿಗೂ ಒಂದೇ ಮಾತು ಹೇಳಿತ್ತು. ನಮ್ಮ ತೊಂದರೆ ಇರುವುದು ಹೊಟ್ಟೆಯ ಸುತ್ತಲಿನ ಕೊಬ್ಬಿನಲ್ಲಿ ಮತ್ತು ಕಡಿಮೆ ಸ್ನಾಯುವಿನಲ್ಲಿ. ಹಸಿದು ಇಳಿಸಿದ ತೂಕದಲ್ಲಿ ಸಾಮಾನ್ಯವಾಗಿ ಕಾಲು ಭಾಗದಷ್ಟು ಕೊಬ್ಬಲ್ಲದ ಅಂಗಾಂಶ. ದೇಹ ತೆಳ್ಳಗಾದಷ್ಟೂ ಆ ಪಾಲು ಏರುತ್ತದೆಂದು ಗಿಲ್ಬರ್ಟ್ ಫೋರ್ಬ್ಸ್ ಹಿಂದೆಯೇ ತೋರಿಸಿದ್ದರು. ಹೀಗಾಗಿ ಕೊನೆಯ ಕಿಲೋಗಳನ್ನು ಊಟ ಕಡಿದು ಇಳಿಸುವವರು, ನಮಗೆ ಮೊದಲೇ ಕಡಿಮೆಯಿರುವ ಸ್ನಾಯುವನ್ನೇ ಹೆಚ್ಚು ತೆರುತ್ತಾರೆ. ಅದೇ 58ರಲ್ಲಿ ನಿಂತು, ಭಾರ ಎತ್ತಿ, ಬೇಳೆಕಾಳು ಮೊಟ್ಟೆ ತಿಂದು, ಸೊಂಟದ ಸುತ್ತಳತೆಯನ್ನು 80 ಸೆಂಟಿಮೀಟರಿನೊಳಗೆ ತಂದವರ ಸ್ಥಿತಿ ಹಸಿದು 55ಕ್ಕೆ ಇಳಿದವರಿಗಿಂತ ಮೇಲೆಂದೇ ನನ್ನ ತೀರ್ಮಾನ. ಚೆನ್ನೈನ ಡಾ. ಎ. ರಾಮಚಂದ್ರನ್ ನೇತೃತ್ವದ ಭಾರತೀಯ ಮಧುಮೇಹ ತಡೆ ಅಧ್ಯಯನ (2006) ಇದಕ್ಕೆ ಹತ್ತಿರದ ಸಾಕ್ಷಿ: ಊಟ-ನಡಿಗೆ ಬದಲಿಸಿದವರಲ್ಲಿ ಮಧುಮೇಹದ ಸಾಧ್ಯತೆ ಶೇ. 28.5ರಷ್ಟು ಇಳಿಯಿತು, ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆಯಿಲ್ಲದೆ. ತೂಕವೇ ಇಳಿಯಬೇಕೆಂದಿದ್ದ ಅಮೆರಿಕದ ದೊಡ್ಡ ಪ್ರಯೋಗ (2002) ಇಟ್ಟ ಗುರಿಯೂ ಶೇ. 7 ಮಾತ್ರ, ಅಷ್ಟನ್ನೇ ಗುರಿಯಾಗಿಟ್ಟು ಅಪಾಯ ಶೇ. 58 ತಗ್ಗಿತು. ನಮ್ಮ ಉದಾಹರಣೆಯ ಹೆಂಗಸು ಈಗಾಗಲೇ ಶೇ. 17 ಇಳಿಸಿ ಕೂತಿದ್ದಾಳೆ.

ಚೆಂದಕ್ಕಾಗಿ ಇಳಿಸುತ್ತೇನೆ ಎನ್ನುವವರ ಜೊತೆ ನನಗೆ ಜಗಳವಿಲ್ಲ. ಆಸೆಯನ್ನು ಆಸೆಯೆಂದೇ ಕರೆದು, ಬೆಲೆ ತಿಳಿದು ಕೊಟ್ಟರೆ ಆಯಿತು; ಆರೋಗ್ಯದ ಹೆಸರು ಹೇಳಬೇಕಿಲ್ಲ. ಹಿಡಿದ ಕೆಲಸ ಮುಗಿಸಬೇಕು, ಇಲ್ಲಿ ಸಡಿಲ ಬಿಟ್ಟರೆ ಎಲ್ಲವೂ ವಾಪಸ್ ಬರುತ್ತದೆ ಎನ್ನುವ ಶಿಸ್ತಿನ ವಾದಕ್ಕೆ ಮಾತ್ರ ಉತ್ತರ ಬೇಕು. ವಾಪಸ್ ಬರುವ ಭಯ ನಿಜ. ಆದರೆ ಶಿಸ್ತು ಬೇಕಾಗುವುದು ಇಳಿಸಿದ್ದನ್ನು ಉಳಿಸಿಕೊಳ್ಳುವುದಕ್ಕೆ. ಕೊನೆಯ ಮೂರರ ಹಿಂದೆ ಸಾವಿರ ಕ್ಯಾಲೊರಿಗೆ ಇಳಿದವರು ಆ ಶಿಸ್ತನ್ನು ಖರ್ಚು ಮಾಡಿ ಮುಗಿಸಿರುತ್ತಾರೆ. ಗ್ರಾಂ ಲೆಕ್ಕಕ್ಕೆ ಅರ್ಥವಿರುವ ಕಡೆಯೂ ಇದೆ: 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಕುಸ್ತಿಪಟು ವಿನೇಶ್ ಫೋಗಾಟ್ ರಾತ್ರಿಯಿಡೀ ಬೆವರಿಳಿಸಿ, ಕೂದಲು ಕತ್ತರಿಸಿಕೊಂಡರೂ 50 ಕಿಲೋಗಿಂತ ನೂರು ಗ್ರಾಂ ಹೆಚ್ಚಿದ್ದು ಫೈನಲ್‌ನಿಂದ ಅನರ್ಹರಾದರು. ಅಲ್ಲಿ ಐವತ್ತನ್ನು ನಿಯಮ ನಿಗದಿ ಮಾಡಿತ್ತು, ತೂಗುವವರು ಕಾದು ಕೂತಿದ್ದರು. ಜಯನಗರದ ಜಿಮ್ಮಿಗೆ ಹೋಗುವವರನ್ನು ಹಾಗೆ ತೂಗಲು ಯಾರೂ ಕೂತಿಲ್ಲ.

2025ರಲ್ಲಿ ಮೌಂಜಾರೋ ಮತ್ತು ವೆಗೋವಿ ಎಂಬ ತೂಕ ಇಳಿಸುವ ಚುಚ್ಚುಮದ್ದುಗಳು ಭಾರತದ ಮಾರುಕಟ್ಟೆಗೆ ಬಂದ ಮೇಲೆ ಈ ಚರ್ಚೆ ಹಳತಾಯಿತು, ಇನ್ನು ಸೂಜಿಯೇ ಎಲ್ಲವನ್ನೂ ಇಳಿಸುತ್ತದೆ ಎನ್ನುವವರಿದ್ದಾರೆ. ವೆಗೋವಿಯಲ್ಲಿರುವ ಸೆಮಗ್ಲುಟೈಡ್‌ನ ಮೊದಲ ದೊಡ್ಡ ಪ್ರಯೋಗದಲ್ಲಿ 68 ವಾರಕ್ಕೆ ಸರಾಸರಿ ಶೇ. 14.9 ಇಳಿಕೆಯಾಯಿತು, ಆದರೆ ಅಲ್ಲಿಯೂ ಗೆರೆ ಚಪ್ಪಟೆಯಾಗಿತ್ತು. ಔಷಧ ನಿಲ್ಲಿಸಿದ ಒಂದು ವರ್ಷದಲ್ಲಿ ಇಳಿದದ್ದರ ಮೂರನೇ ಎರಡು ಭಾಗ ಮರಳಿತು. ಎಂದಮೇಲೆ ಸೂಜಿ ಹಾಕಿಸಿಕೊಂಡವರಿಗೂ ಅವರವರದೇ ಒಂದು ‘ಕೊನೆಯ ಮೂರು ಕಿಲೋ’ ಬಂದೇ ಬರುತ್ತದೆ, ಡೋಸ್ ಏರಿಸಿ ಎಂಬ ಬೇಡಿಕೆಯ ರೂಪದಲ್ಲಿ. ಆ ಬೇಡಿಕೆ ಮೇಜಿಗೆ ಬಂದಾಗ ವೈದ್ಯರು ಟೇಪು ತೆಗೆದು ಸೊಂಟ ಅಳೆಯಲಿ, ರಕ್ತದೊತ್ತಡ ಮತ್ತು ಮೂರು ತಿಂಗಳ ಸರಾಸರಿ ಸಕ್ಕರೆ ನೋಡಲಿ, ಕುರ್ಚಿಯಿಂದ ಕೈ ಊರದೆ ಎಷ್ಟು ಸಲ ಏಳಬಲ್ಲಿರಿ ಎಂದು ಕೇಳಲಿ. ಇವೆಲ್ಲ ಸರಿಯಿದ್ದರೆ, 55 ಎಂದು ಬರೆದಿರುವ ಜಾಗದಲ್ಲಿ 58 ಎಂದು ತಿದ್ದಲು ಅಡ್ಡಿಯೇನೂ ಇಲ್ಲ.